ಮಾರ್ಚ್ ತಿಂಗಳ ಕಾಡತೂಸು

12 ಮಾರ್ಚ್ 2025, ಬುಧವಾರ
ಹುಬ್ಬಳ್ಳಿ

ರಾತ್ರಿ ಹತ್ತೂವರೆ ಆಯಿತು. ಓಣಿಯಲ್ಲಿ ಹುಡುಗರ ಹಲಗಿ ಇನ್ನೂ ನಿಂತಿಲ್ಲ. ಹೋಳಿ ಹುಣ್ಣಿಮೆ ಬಂದೇ ಬಿಟ್ಟಿತು, ಇನ್ನು ರಂಗಪಂಚಮಿ ತನಕ ಹೀಗೇ. ಬೇರೆ ವರ್ಷವಾದರೆ ಶಕ್ಕು ಜೊತೆ ಕಟ್ಟೆ ಮೇಲೆ ಕೂತು ಕೇಳುತ್ತಿದ್ದೆ. ಇವತ್ತು ಬಾಗಿಲು ಹಾಕಿಕೊಂಡು ಕೂತಿದ್ದೇನೆ. ಊಟ ಸೇರಲಿಲ್ಲ. ಅವ್ವ ಎರಡು ಸಲ ಬಂದು ನೋಡಿ ಹೋದಳು.

ಇವತ್ತು ಅಂಗಡಿಯಲ್ಲಿ ಒಬ್ಬ ಅಜ್ಜನಿಗೆ ಸುಳ್ಳು ಹೇಳಿದೆ. ಅದು ಸುಳ್ಳು ಅಂತ ಅವರಿಗೆ ಗೊತ್ತಾಯಿತು ಅನ್ನಿಸುತ್ತದೆ.

ಅವರ ಹೆಸರು, ಊರು ಬರೆಯುವುದಿಲ್ಲ. ಕಲಘಟಗಿ ಕಡೆಯವರು ಅಂದರೆ ಸಾಕು. ಕಾಡಿನ ಅಂಚಿಗೆ ನಾಲ್ಕು ಎಕರೆ ಗೋವಿನಜೋಳ. ನಾನು ಕಾಕಾನ ಬಂದೂಕಿನ ಅಂಗಡಿಯ ಕೌಂಟರಿಗೆ ಬಂದು ಒಂಬತ್ತು ವರ್ಷ. ಒಂಬತ್ತೂ ವರ್ಷ ಅವರು ತಪ್ಪದೆ ಬಂದಿದ್ದಾರೆ. ಬರುವುದು ಗಣಪತಿ ಹಬ್ಬದ ಆಸುಪಾಸು. ತೆನೆಯಲ್ಲಿ ಹಾಲು ತುಂಬುವ ಹೊತ್ತಿಗೆ ಹಂದಿಗಳು ಹೊಲಕ್ಕೆ ಇಳಿಯುತ್ತವೆ. ಆಗ ಹತ್ತು ಕಾಡತೂಸು ಒಯ್ಯುತ್ತಾರೆ. ಹನ್ನೆರಡು ಬೋರಿನ ಎಲ್‌ಜಿ, ಅಂದರೆ ದಪ್ಪ ಗುಂಡಿನವು. ಒಂದು ಜಾಸ್ತಿ ಇಲ್ಲ, ಒಂದು ಕಡಿಮೆ ಇಲ್ಲ. ಮತ್ತೆ ಕಾಣುವುದು ಮುಂದಿನ ಗಣಪತಿಗೇ.

ಈಗ ಮಾರ್ಚ್. ಆ ಹೊಲದಲ್ಲಿ ದಂಟು ಕೂಡ ಇರುವುದಿಲ್ಲ. ಬೋರ್ ಹೊಡೆಸಿದರೂ ನೀರು ಬೀಳಲಿಲ್ಲ ಅಂತ ಒಮ್ಮೆ ಅವರೇ ಹೇಳಿದ್ದರು.

ಹನ್ನೊಂದರ ಹೊತ್ತಿಗೆ ಬಂದರು. ಕಾಕಾ ಕಾಗದದ ಕೆಲಸಕ್ಕೆ ನವನಗರಕ್ಕೆ, ಕಮಿಷನರ್ ಕಚೇರಿಗೆ ಹೋಗಿದ್ದರು. ನಾನೊಬ್ಬಳೇ. ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡು ಕೂತರು. "ಆರಾಮ ಅದಿಯೇನವ್ವಾ?" ಅಂದರು. ಆಮೇಲೆ ಕಿಸೆಯಿಂದ ಮುನ್ನೂರು ರೂಪಾಯಿ ತೆಗೆದು ಕೌಂಟರ್ ಮೇಲೆ ಇಟ್ಟರು.

"ಇದೇನ್ರಿ ಅಜ್ಜಾ?"

"ಹ್ವಾದ ವರ್ಷ ಸ್ಪ್ರಿಂಗ್ ಹಾಕಿದ್ರಲ್ಲ, ಅದರ ಬಾಕಿ. ಲೆಕ್ಕ ಮುಗಿಸಿಬಿಡೂಣು."

ನನಗೆ ಆ ಬಾಕಿ ನೆನಪೇ ಇರಲಿಲ್ಲ. ಖುಷಿಯಾಗಿಯೇ ತೆಗೆದುಕೊಂಡೆ. ಆ ಗಳಿಗೆಯಲ್ಲಿ ನನಗೆ ಏನೂ ಅನ್ನಿಸಲಿಲ್ಲ. ಅದನ್ನು ಈಗ ನೆನೆಸಿಕೊಂಡರೆ ಕೈ ತಣ್ಣಗಾಗುತ್ತದೆ.

ಆಮೇಲೆ ಲೈಸೆನ್ಸ್ ಪುಸ್ತಕ ಇಟ್ಟರು. "ಎರಡ ಕಾರ್ತೂಸ ಕೊಡವ್ವಾ."

ಪುಸ್ತಕ ಬಿಡಿಸಿ ನೋಡಿದೆ. ಅವಧಿ 2027ರ ತನಕ ಇದೆ. ಲೈಸೆನ್ಸಿನ ಗುರುತಿನ ಸಂಖ್ಯೆ, ಯುಐಎನ್, ಇದೆ. ಫೋಟೋ, ಸಹಿ, ಮುದ್ರೆ ಎಲ್ಲ ಸರಿ. ವರ್ಷಕ್ಕೆ ಇಷ್ಟು ಅಂತ ಬರೆದ ಲೆಕ್ಕದಲ್ಲೂ ಇನ್ನೂ ಉಳಿದಿದೆ. ಕಾಗದ ನೋಡಿದರೆ ಇಲ್ಲ ಅನ್ನಲು ನನಗೆ ಒಂದೂ ಕಾರಣ ಇರಲಿಲ್ಲ. ಆದರೆ ಕೈ ಮುಂದೆ ಹೋಗಲಿಲ್ಲ.

"ಎಲ್‌ಜಿ ಖಾಲಿ ಆಗ್ಯಾವ್ರಿ ಅಜ್ಜಾ. ಪುಣೆ ಕಡಿಂದ ಮಾಲು ಬರಬೇಕು" ಅಂದುಬಿಟ್ಟೆ.

ನನ್ನ ಹಿಂದೆ ಕಬ್ಬಿಣದ ಕಪಾಟು ಅರ್ಧ ತೆರೆದಿತ್ತು. ಬೆಳಿಗ್ಗೆ ಎಣಿಸಿದವಳು ಪೂರ್ತಿ ಮುಚ್ಚಿರಲಿಲ್ಲ. ಪುಣೆಯ ಖಡಕಿ ಫ್ಯಾಕ್ಟರಿಯ ಶಕ್ತಿಮಾನ್ ಕಾಡತೂಸಿನ ಪೆಟ್ಟಿಗೆಗಳು ಸಾಲಾಗಿ ಕಾಣುತ್ತಿದ್ದವು. ಅಜ್ಜ ನನ್ನ ಭುಜದ ಮೇಲಿಂದ ಆ ಕಡೆ ನೋಡಿದರು.

"ಅಲ್ಲಿ ಅದಾವಲ್ಲವ್ವಾ."

"ಅವು ಬ್ಯಾರೆ ನಂಬರಿನವ್ರಿ. ಹಕ್ಕಿಗೆ ಹೊಡಿಯೂವು."

ಮೂವತ್ತು ವರ್ಷ ಅದೇ ಪೆಟ್ಟಿಗೆಯಿಂದ ಒಯ್ದವರು ಅವರು. ಇಂಗ್ಲಿಷ್ ಓದಲು ಬರದಿದ್ದರೂ ಆ ಎರಡು ಅಕ್ಷರದ ಗುರುತು ಸಿಗುವುದಿಲ್ಲವೇ? ಏನೂ ಅನ್ನಲಿಲ್ಲ. ಲೈಸೆನ್ಸ್ ಪುಸ್ತಕವನ್ನು ಮೆಲ್ಲಗೆ ತಮ್ಮ ಕಡೆ ಎಳೆದುಕೊಂಡರು. ಎದ್ದು ಹೋಗಿಬಿಡುತ್ತಾರೆ ಅಂತ ಭಯವಾಯಿತು. ಓಡಿ ಹೋಗಿ ಎದುರಿನ ಹುಡುಗನಿಗೆ ಎರಡು ಚಾ ಹೇಳಿ ಬಂದೆ.

ಬಂದೂಕಿನ ಅಂಗಡಿ ಅಂದರೆ ದಿನಾ ಬಂದೂಕು ಮಾರುತ್ತೇವೆ ಅಂತ ಜನ ತಿಳಿದಿದ್ದಾರೆ. ಎಷ್ಟೋ ತಿಂಗಳು ಒಂದೂ ಹೋಗುವುದಿಲ್ಲ. ಎಣ್ಣೆ, ಬಟ್ಟೆ, ರಿಜಿಸ್ಟರ್, ಸಂಜೆಯ ಎಣಿಕೆ. ಒಂದು ಕಾಡತೂಸಿನ ಲೆಕ್ಕ ತಪ್ಪಿದರೂ ಶಟರ್ ಎಳೆಯುವ ಹಾಗಿಲ್ಲ. ಚುನಾವಣೆ ಬಂತು ಅಂದರೆ ಮಾತ್ರ ಕಾಲಿಡಲು ಜಾಗ ಇರುವುದಿಲ್ಲ. 2023ರಲ್ಲಿ ವಿಧಾನಸಭೆ, ಮರುವರ್ಷ ಲೋಕಸಭೆ, ಎರಡೂ ಸಲ ಜನ ಠೇವಣಿಗೆ ತಂದಿಟ್ಟ ಬಂದೂಕುಗಳಿಗೆ ಚೀಟಿ ಕಟ್ಟಿ ಕಟ್ಟಿ ಬೆರಳು ನೋಯುತ್ತಿತ್ತು. ಅದಕ್ಕೂ ಮೊದಲು, 2019ರಲ್ಲಿ ಕಾಯ್ದೆ ತಿದ್ದಿ ಒಬ್ಬರಿಗೆ ಎರಡೇ ಬಂದೂಕು ಅಂತ ಮಾಡಿದಾಗ, ಗದಗ ಕಡೆಯ ಒಬ್ಬರು ತಮ್ಮ ಅಜ್ಜನ ಕಾಲದ ಮೂರನೆಯದನ್ನು ಕೌಂಟರ್ ಮೇಲಿಟ್ಟು ಅತ್ತಿದ್ದರು. ಕಬ್ಬಿಣಕ್ಕೆ ಜನ ಅಳುವುದನ್ನು ನಾನು ಮೊದಲು ನೋಡಿದ್ದು ಆಗ.

ಅದೇ ತಿದ್ದುಪಡಿಯಲ್ಲಿ ಲೈಸೆನ್ಸಿನ ಅವಧಿಯೂ ಮೂರರಿಂದ ಐದು ವರ್ಷ ಆಯಿತು. ಓಡಾಟ ಕಡಿಮೆಯಾಯಿತು ಅಂತ ಎಲ್ಲರಿಗೂ ಸಂತೋಷ. ನನಗೂ ಆಗಿತ್ತು. ಇವತ್ತು ಬೇರೆ ಅನ್ನಿಸುತ್ತಿದೆ. ಲೈಸೆನ್ಸಿಗೆ ಅರ್ಜಿ ಹಾಕುವಾಗ ವೈದ್ಯರ ಸರ್ಟಿಫಿಕೇಟ್ ಬೇಕು. ದೇಹವೂ ಸರಿ ಇರಬೇಕು, ಮನಸ್ಸೂ ಸರಿ ಇರಬೇಕು. ಸರಿ. ಆದರೆ ಆ ಮೇಲಿನ ಐದು ವರ್ಷದಲ್ಲಿ ಹೆಂಡತಿ ಸತ್ತರೆ, ಬೆಳೆ ಹೋದರೆ, ಮಕ್ಕಳು ದೂರವಾದರೆ ಯಾರು ನೋಡುತ್ತಾರೆ? ಲೈಸೆನ್ಸ್ ಪುಸ್ತಕದಲ್ಲಿ ಅದಕ್ಕೆ ಒಂದು ಸಾಲೂ ಇಲ್ಲ. ನೋಡುವುದು ಮನೆಯವರು. ಇಲ್ಲವಾದರೆ ಕೌಂಟರಿನಲ್ಲಿ ಕೂತವರು. ನನಗೆ ಇದನ್ನು ಯಾರೂ ಕಲಿಸಿಲ್ಲ. ಬ್ಯಾರಲ್ ಒರೆಸುವುದು ಕಲಿಸಿದರು, ರಿಜಿಸ್ಟರ್ ಬರೆಯುವುದು ಕಲಿಸಿದರು.

ಚಾ ಬಂತು. ಅದೇ ಹೊತ್ತಿಗೆ ಇಬ್ಬರು ಹುಡುಗರು ಒಳಗೆ ನುಗ್ಗಿದರು.

"ಅಕ್ಕಾರ, ರಿವಾಲ್ವರ್ ಹಿಡ್ಕೊಂಡು ಒಂದ ಫೋಟೋ ತಕ್ಕೋತೀವ್ರಿ. ಅಣ್ಣನ ಮದುವಿ ಐತಿ."

ಇಂಥವರು ವಾರಕ್ಕೆ ಒಬ್ಬರಾದರೂ ಬರುತ್ತಾರೆ. ಆಗುವುದಿಲ್ಲ ಅಂದೆ. ಮದುವೆ ಮೆರವಣಿಗೆಯಲ್ಲಿ ಗುಂಡು ಹಾರಿಸಿದರೆ ಎರಡು ವರ್ಷದ ತನಕ ಜೈಲು, ಒಂದು ಲಕ್ಷದ ತನಕ ದಂಡ ಅಂತಲೂ ಹೇಳಿದೆ. ಅವರಲ್ಲಿ ಒಬ್ಬ ಕೊಡಗಿನ ಮಾತು ತೆಗೆದ. ಅಲ್ಲಿ ಲೈಸೆನ್ಸೇ ಬೇಕಿಲ್ಲವಂತಲ್ಲ ಅಂದ. ಅದು ಕೊಡವರಿಗೆ, ಅಲ್ಲಿ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿಯ ಹಿಡುವಳಿದಾರರಿಗೆ ಇರುವ ವಿನಾಯಿತಿ, ಅದೂ 2029ರ ತನಕ, ನಮಗಲ್ಲ ಅಂದೆ. ನನ್ನ ದನಿ ಗಟ್ಟಿಯಾಗಿತ್ತು. ಹುಡುಗರ ತಪ್ಪಲ್ಲ. ನನ್ನ ಜೀವವೆಲ್ಲ ಪಕ್ಕದ ಕುರ್ಚಿಯ ಮೇಲೆ ಇತ್ತು.

ಅಜ್ಜ ತಟ್ಟನೆ ಆ ಹುಡುಗನನ್ನು ಕೇಳಿದರು. "ನಿಮ್ಮ ಹೊಲಕ್ಕ ಹಂದಿ ಬರ್ತಾವೇನಪಾ?"

"ನಮಗ ಹೊಲಾನ ಇಲ್ರಿ ಯಜ್ಜಾ."

"ಹಂಗಾರ ನಿಂಗ್ಯಾಕ ಬೇಕು ಬಂದೂಕ?"

ಕೇಳಿದವರೇ ಸುಮ್ಮನಾದರು. ಬಸಿಯಲ್ಲಿ ಸುರಿದುಕೊಂಡ ಚಾ ಬಾಯಿಗೆ ಹೋಗದೆ ಕೈಯಲ್ಲೇ ನಿಂತಿತು. ಹುಡುಗರು ಹೊರಟು ಹೋದರು.

ಆಗ ನಾನು ಕೇಳಿದೆ. "ಅಜ್ಜಾ, ನಿಮ್ಮ ಹೊಲದಾಗ ಈಗ ಏನೈತ್ರಿ?"

ಬಹಳ ಹೊತ್ತು ಮಾತಿಲ್ಲ. ದುರ್ಗದಬೈಲ್ ಕಡೆಯಿಂದ ಹಲಗಿ ಕೇಳಿಸುತ್ತಿತ್ತು.

"ಏನಿಲ್ಲವ್ವಾ" ಅಂದರು. ಆಮೇಲೆ ಒಂದೊಂದೇ ಹೇಳಿದರು. ಅಜ್ಜಿ ಸಂಕ್ರಮಣದ ಮರುದಿನ ಹೋದರಂತೆ. ಮಗ ಬೆಂಗಳೂರಿಗೆ ಕರೆದನಂತೆ, ಎಂಟು ದಿನ ಇದ್ದು ವಾಪಸ್ ಬಂದರಂತೆ. ಎತ್ತು ಮಾರಿದರಂತೆ. "ಮೇವು ಹಾಕಾಕ ಯಾರದಾರ?" ಅಂದರು.

ಆಮೇಲೆ ಅಜ್ಜಿಯ ಮಾತು ಬಂತು. ಮಳೆಗಾಲದ ರಾತ್ರಿ ಇಬ್ಬರೂ ಹೊಲದ ಮಂಚಿಗಿ ಮೇಲೆ ಕೂರುತ್ತಿದ್ದರಂತೆ. ತಲೆಗೆ ಕಂಬಳಿ ಕೊಪ್ಪೆ, ಕೈಯಲ್ಲಿ ಬ್ಯಾಟರಿ.

"ನಾ ಹಂದಿ ಹೊಡೀಲಿಲ್ಲವ್ವಾ. ಗಾಳ್ಯಾಗ ಒಂದ ಹಾರಸ್ತಿದ್ದೆ, ಆಕಿ ತಾಟು ಬಡೀತಿದ್ಲು. ಖರೇ ಹೇಳ್ಬೇಕಂದ್ರ ಆಕಿ ತಾಟಿಗೇ ಜಾಸ್ತಿ ಓಡ್ತಿದ್ದುವು."

ಹೇಳುತ್ತಾ ಸ್ವಲ್ಪ ನಕ್ಕರು. ನನಗೆ ಗಂಟಲು ಕಟ್ಟಿತು. ಒಂಬತ್ತು ವರ್ಷ ಹತ್ತು ಕಾಡತೂಸು ಎಣಿಸಿ ಕೊಟ್ಟಿದ್ದೇನೆ. ಮಂಚಿಗಿ ಮೇಲೆ ಪಕ್ಕದಲ್ಲಿ ಒಬ್ಬಳು ತಾಟು ಹಿಡಿದು ಕೂತಿರುತ್ತಾಳೆ ಅಂತ ಒಮ್ಮೆಯೂ ಗೊತ್ತಾಗಿರಲಿಲ್ಲ.

ಕೇಳಬೇಕೋ ಬೇಡವೋ ಅಂತ ಬಹಳ ತಡೆದೆ. ಕೇಳಿದರೆ ಇಲ್ಲದ ವಿಚಾರ ತಲೆಯಲ್ಲಿ ಹಾಕಿದ ಹಾಗೆ ಆಗುತ್ತದೆ ಅಂತ ಜನ ಹೇಳುತ್ತಾರೆ. ಹಾಗಲ್ಲ, ನೇರವಾಗಿ ಕೇಳುವುದೇ ಒಳ್ಳೆಯದು ಅಂತ ನಾನು ಓದಿದ್ದೆ. ಕೇಳಿಬಿಟ್ಟೆ.

"ಅಜ್ಜಾ, ಜೀವಕ್ಕ ಏನರ ಮಾಡ್ಕೋಬೇಕು ಅಂತ ಅನ್ನಿಸೈತೇನ್ರಿ?"

ಬೈಯಲಿಲ್ಲ. ಇಲ್ಲ ಅಂತಲೂ ಅನ್ನಲಿಲ್ಲ. ಬಸಿ ಕೆಳಗಿಟ್ಟರು.

"ರಾತ್ರಿ ಭಾಳ ಉದ್ದ ಆಗ್ಯಾವವ್ವಾ."

ಅಷ್ಟೇ.

ಬಂದೂಕು ತಂದು ಇಲ್ಲಿ ಠೇವಣಿ ಇಡಿ ಅಂದೆ. ಚುನಾವಣೆಗೆ ಇಟ್ಟಿದ್ದಿರಲ್ಲ, ಹಾಗೇ ರಸೀದಿ ಬರೆದು ಕೊಡುತ್ತೇನೆ, ಗಣಪತಿ ಹಬ್ಬಕ್ಕೆ ಒಯ್ಯಿರಿ, ಬಾಡಿಗೆ ಬೇಡ ಅಂದೆ. ಬಿಲ್ಲಿನ ಹಿಂದೆ 14416 ಅಂತ ದೊಡ್ಡದಾಗಿ ಬರೆದು ಕೊಟ್ಟೆ. ಮನಸ್ಸಿನ ಕಷ್ಟ ಕೇಳುವ ಸರ್ಕಾರದ ಸಹಾಯವಾಣಿ, ಟೆಲಿ ಮಾನಸ್, ಹಗಲು ರಾತ್ರಿ ಯಾವಾಗ ಫೋನ್ ಮಾಡಿದರೂ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ ಅಂದೆ. ಮಡಚಿ ಟೋಪಿಯ ಮಡಿಕೆಯಲ್ಲಿ ಇಟ್ಟುಕೊಂಡರು. ಬಸ್ಸಿನ ಟಿಕೆಟನ್ನೂ ಅಲ್ಲೇ ಇಡುತ್ತಾರೆ. ಧಾರವಾಡದಲ್ಲಿ ಓದುವ ಮೊಮ್ಮಗನ ನಂಬರ್ ಕೇಳಿದೆ, ಕೊಟ್ಟರು.

"ಶುಕ್ರವಾರ ತರ್ತೀರೇನ್ರಿ?"

"ನೋಡೂಣು" ಅಂದರು. ಬಾಗಿಲ ತನಕ ಹೋಗಿ ತಿರುಗಿ ಆ ಕಪಾಟು ಇನ್ನೊಮ್ಮೆ ನೋಡಿದರು. ಆಮೇಲೆ ನನ್ನನ್ನು. ಸಿಟ್ಟಿನಿಂದ ನೋಡಿದ್ದರೆ ಚೆನ್ನಾಗಿತ್ತು.

ಕಾಕಾ ಬಂದಾಗ ಎರಡು ಗಂಟೆ. ಹೇಳಿದೆ. ಮೊದಲು ರೇಗಿದರು. ಲೈಸೆನ್ಸ್ ಸರಿ ಇದ್ದವರಿಗೆ ಮಾಲು ಇಟ್ಟುಕೊಂಡು ಇಲ್ಲ ಅನ್ನುವುದು ಯಾವ ವ್ಯಾಪಾರ, ನಾಳೆ ಅವರು ಯಾರಿಗಾದರೂ ಹೇಳಿದರೆ ಏನು ಗತಿ ಅಂದರು. ನಾನು ಮಾತಾಡಲಿಲ್ಲ. ಮುನ್ನೂರು ರೂಪಾಯಿಯ ಸಂಗತಿ ಹೇಳಿದ ಕೂಡಲೇ ಅವರ ಮುಖ ಬದಲಾಯಿತು. ಚಪ್ಪಲಿ ಬಿಟ್ಟು ಒಳಗೆ ಹೋಗಿ ಹಳೆಯ ರಿಜಿಸ್ಟರ್ ಒಂದನ್ನು ತಂದರು. ಅಂಚೆಲ್ಲ ಗೆದ್ದಲು ತಿಂದಿದೆ. ನಡುವಿನ ಒಂದು ಪುಟಕ್ಕೆ ಊದಿನಕಡ್ಡಿ ಪ್ಯಾಕೆಟ್ಟಿನ ತುಂಡು ಗುರುತು ಇಟ್ಟಿದ್ದರು.

ನಾನು ಬರುವುದಕ್ಕೂ ಎಷ್ಟೋ ವರ್ಷ ಮೊದಲಿನದು. ಒಬ್ಬರು ಬಂದಿದ್ದರು, ಇವರು ಕೊಟ್ಟಿದ್ದರು, ಎರಡು ದಿನ ಬಿಟ್ಟು ಪೊಲೀಸರು ಆ ಪುಟ ನೋಡಲು ಬಂದಿದ್ದರು. "ನನ್ನ ಅಕ್ಷರಾನ ಅದು" ಅಂದರು ಕಾಕಾ. ಬೇರೆ ಏನೂ ಹೇಳಲಿಲ್ಲ. ಒಂಬತ್ತು ವರ್ಷ ಅವರ ಪಕ್ಕದಲ್ಲೇ ಕೂತಿದ್ದೇನೆ. ಆ ಪುಟ ಒಂದು ದಿನವೂ ತೋರಿಸಿರಲಿಲ್ಲ. ಸಂಜೆ ಎಣಿಕೆಯನ್ನು ಇವತ್ತು ಅವರೇ ಮಾಡಿದರು.

ಮೊಮ್ಮಗ ಐದು ಗಂಟೆಗೆ ಫೋನ್ ಎತ್ತಲಿಲ್ಲ. ಎಂಟಕ್ಕೆ ಎತ್ತಿದ. ಒಳ್ಳೆಯ ಹುಡುಗ. "ಅಜ್ಜ ಆರಾಮ ಅದಾನಲ್ರಿ, ನಿನ್ನೆ ಮಾತಾಡೀನಿ" ಅಂದ. ಹೇಳಿದ ಮೇಲೆ ಬಹಳ ಹೊತ್ತು ಸುಮ್ಮನಿದ್ದ. ನಾಳೆ ಪ್ರಾಕ್ಟಿಕಲ್ ಇದೆ, ಮುಗಿಸಿಕೊಂಡು ಸಂಜೆ ಹೋಗುತ್ತೇನೆ ಅಂದ. ಈಗಲೇ ಅಜ್ಜನಿಗೆ ಫೋನ್ ಮಾಡು, ಪಕ್ಕದ ಮನೆಯವರಿಗೂ ಮಾಡಿ ರಾತ್ರಿ ಅಲ್ಲೇ ಮಲಗಲು ಹೇಳು ಅಂದೆ. ಹೂಂ ಅಂದ. ಮಾಡಿದನೋ ಇಲ್ಲವೋ. ಮೆಸೇಜ್ ಹಾಕಿದ್ದೇನೆ, ಇನ್ನೂ ನೋಡಿಲ್ಲ.

ಕಣ್ಣು ಮುಚ್ಚಿದರೆ ಒಂದೇ ಲೆಕ್ಕ. ಹೋದ ಗಣಪತಿಗೆ ಹತ್ತು ಒಯ್ದಿದ್ದರು. ಅಜ್ಜಿಗೆ ಆರಾಮ ಇರಲಿಲ್ಲ ಅಂದರೆ ಆ ಸಲ ಮಂಚಿಗಿಗೆ ಎಷ್ಟು ದಿನ ಹೋಗಿರುತ್ತಾರೆ? ಎಷ್ಟು ಹಾರಿಸಿರುತ್ತಾರೆ? ಉಳಿದಿದ್ದರೆ ಇವತ್ತು ಯಾಕೆ ಕೇಳಲು ಬರುತ್ತಿದ್ದರು. ಉಳಿದಿಲ್ಲ ಅಂತಲೇ ಅಲ್ಲವಾ ಬಂದಿದ್ದು. ಆದರೆ ಬಂದಿದ್ದು ಕಾಡತೂಸಿಗೋ, ಬಾಕಿ ಕೊಡುವುದಕ್ಕೋ?

ಕಲಘಟಗಿ ಕಡೆ ಮೊದಲ ಬಸ್ ಎಷ್ಟು ಗಂಟೆಗೆ ಅಂತ ಶಕ್ಕುಗೆ ಕೇಳಬೇಕು, ಅವಳ ತವರು ಆ ಕಡೆಯೇ. ಹೋದರೆ ಏನಂತ ಹೇಳಿ ಒಳಗೆ ಹೋಗುವುದು? ಬಾಕಿ ಮುನ್ನೂರಲ್ಲ ಅಜ್ಜಾ, ಇನ್ನೂರೇ ಇತ್ತು, ನೂರು ವಾಪಸ್ ಕೊಡಲು ಬಂದೆ ಅಂತ ಹೇಳಿದರೆ