ಸಾಲ್ಟ್ ಲೇಕಿಗೆ ನೀಲಿ ಅಂಗಿಯಲ್ಲಿ

ತೊಂಬತ್ತೈದನೇ ನಿಮಿಷದಲ್ಲಿ ಪೆರೇರಾ ಡಿಯಾಸ್ ಆ ಗೋಲು ಹೊಡೆಯದೇ ಹೋಗಿದ್ದರೆ ನಾನು ಮನೆಯಲ್ಲೇ ಇರುತ್ತಿದ್ದೆ. ಅದು 2024ರ ಆಗಸ್ಟ್ 23, ಶುಕ್ರವಾರ. ಡುರಾಂಡ್ ಕಪ್ ಫುಟ್‌ಬಾಲಿನ ಕ್ವಾರ್ಟರ್ ಫೈನಲಿನಲ್ಲಿ ಬೆಂಗಳೂರು ಎಫ್‌ಸಿ ಕೇರಳ ಬ್ಲಾಸ್ಟರ್ಸ್ ತಂಡವನ್ನು 1–0ರಿಂದ ಸೋಲಿಸಿತು. ಸೆಮಿಫೈನಲ್ ಮಂಗಳವಾರ, ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ, ಎದುರಾಳಿ ಮೋಹನ್ ಬಾಗಾನ್. ಮರುದಿನ ಬೆಳಿಗ್ಗೆ ತತ್ಕಾಲಿನಲ್ಲಿ ಹೌರಾಕ್ಕೆ ಒಂದು ಸ್ಲೀಪರ್ ಟಿಕೆಟ್ ಸಿಕ್ಕಿಬಿಟ್ಟಿತು. ಇಂಥ ಹುಚ್ಚಿಗೆಲ್ಲ ಟಿಕೆಟ್ ಹೇಗೋ ಸಿಕ್ಕೇ ಸಿಗುತ್ತದೆ.

"ಅಲ್ಲಿ ಗಲಾಟೆ ನಡೆಯುತ್ತಿದೆಯಂತಲ್ಲ" ಎಂದಳು ಹೆಂಡತಿ. ನಡೆಯುತ್ತಿತ್ತು. ಆಗಸ್ಟ್ 9ರಂದು ಆರ್‌.ಜಿ. ಕರ್ ವೈದ್ಯಕೀಯ ಕಾಲೇಜಿನಲ್ಲಿ, ಪಾಳಿಯ ಮಧ್ಯೆ ವಿಶ್ರಾಂತಿಗೆಂದು ಹೋಗಿದ್ದ ತರಬೇತಿ ವೈದ್ಯೆಯೊಬ್ಬಳ ಮೇಲೆ ಅತ್ಯಾಚಾರ ನಡೆಸಿ ಕೊಲೆ ಮಾಡಲಾಗಿತ್ತು. ಸ್ವಾತಂತ್ರ್ಯ ದಿನದ ಹಿಂದಿನ ರಾತ್ರಿ ಬಂಗಾಳದ ಹೆಂಗಸರು ಊರೂರುಗಳಲ್ಲಿ ಬೀದಿಗಿಳಿದಿದ್ದರು. ಕಿರಿಯ ವೈದ್ಯರು ಕೆಲಸ ನಿಲ್ಲಿಸಿದ್ದರು. ನಾನು ಆಟ ನೋಡಲು ಹೋಗುವವನು, ನನಗೂ ಅದಕ್ಕೂ ಏನು ಎಂದುಕೊಂಡೇ ಚೀಲಕ್ಕೆ ನೀಲಿ ಅಂಗಿ ತುಂಬಿಕೊಂಡೆ.

ಬೆಂಗಳೂರಿನಿಂದ ಹೌರಾಕ್ಕೆ ಹೋಗುವ ರೈಲನ್ನು ನೋಡಿದವರಿಗೆ ಗೊತ್ತಿರುತ್ತದೆ: ಅರ್ಧ ಬೋಗಿ ದುಡಿಯಲು ಬಂದು ಮರಳುವವರು, ಇನ್ನರ್ಧ ಚಿಕಿತ್ಸೆಗೆ ಬಂದು ಮರಳುವವರು. ಎಕ್ಸ್‌ರೇ ಲಕೋಟೆಗಳನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗುವ ಜನ. ನನ್ನ ಎದುರಿನ ಕೆಳಗಿನ ಬರ್ತಿನಲ್ಲಿ ಎಪ್ಪತ್ತೈದರ ಆಸುಪಾಸಿನ ಒಬ್ಬರು, ಹೃದಯದ ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ಮಗನೊಂದಿಗೆ ಬ್ಯಾರಕ್‌ಪುರಕ್ಕೆ ಹೊರಟಿದ್ದರು. ಮಗ ಅವರಿಗೆ ಮಾತನಾಡಬೇಡಿ ಎಂದು ಹೇಳುತ್ತಲೇ ಇದ್ದ. ಅವರು ಮಾತನಾಡುತ್ತಲೇ ಇದ್ದರು.

ನಾನು ಫುಟ್‌ಬಾಲ್ ನೋಡಲು ಹೊರಟಿದ್ದೇನೆ ಎಂದು ತಿಳಿದದ್ದೇ ತಡ, ಎದ್ದು ಕುಳಿತರು. "ಬ್ಯಾಂಗಲೋರ್? ಅಹ್ಮದ್ ಖಾನ್!" ಎಂದರು, ನೆಂಟರ ಹೆಸರು ಹೇಳುವಂತೆ.

ನನಗೆ ನಾಚಿಕೆಯಾಯಿತು. ನಮ್ಮ ಊರಿನಲ್ಲಿ ಹುಟ್ಟಿ, ಬರಿಗಾಲಲ್ಲಿ ಚೆಂಡನ್ನು ಆಡಿಸುತ್ತ, 1948ರ ಲಂಡನ್ ಒಲಿಂಪಿಕ್ಸಿಗೂ 1952ರ ಹೆಲ್ಸಿಂಕಿಗೂ ಹೋಗಿಬಂದ ಅಹ್ಮದ್ ಖಾನ್ ಈಸ್ಟ್ ಬೆಂಗಾಲಿನ 'ಪಂಚ ಪಾಂಡವ'ರಲ್ಲಿ ಒಬ್ಬರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ ಮತ್ತು ಅವರು ಸೇರಿದ ಆ ಮುಂಪಡೆಯ ಕಾಲದಲ್ಲೇ ಈಸ್ಟ್ ಬೆಂಗಾಲ್ 1949ರಿಂದ ಸತತ ಮೂರು ವರ್ಷ ಕೋಲ್ಕತ್ತದ ಹಳೆಯ ಟೂರ್ನಿ ಐಎಫ್‌ಎ ಶೀಲ್ಡ್ ಗೆದ್ದಿತು. ಅವರು 2017ರಲ್ಲಿ ತೀರಿಕೊಂಡಾಗ ನನ್ನ ಕಚೇರಿಯಲ್ಲಿ ಆ ಹೆಸರು ಕೇಳಿದವರು ಒಬ್ಬರೂ ಇರಲಿಲ್ಲ. ಇಲ್ಲಿ ಬ್ಯಾರಕ್‌ಪುರದ ನಿವೃತ್ತ ಗುಮಾಸ್ತರು, ತಮ್ಮ ತಂದೆ ಹೇಳಿದ್ದನ್ನು ಕೇಳಿ, ಅವರು ಚೆಂಡನ್ನು ಕಾಲಿಗೆ ಅಂಟಿಸಿಕೊಂಡಂತೆ ಓಡುತ್ತಿದ್ದರೆಂದು ಕೈಯಾಡಿಸಿ ತೋರಿಸುತ್ತಿದ್ದರು. ನಾನೂ ಸುಮ್ಮನಿರಲಿಲ್ಲ. ಐಟಿಐ ಕಾರ್ಖಾನೆಯಲ್ಲಿದ್ದ ನನ್ನ ಅಪ್ಪ ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದ ಮೆಟ್ಟಿಲುಗಳ ಮೇಲೆ ಕಡಲೆಕಾಯಿ ಬಿಡಿಸುತ್ತ ಹೇಳಿಕೊಟ್ಟ ಪಾಠ ಒಪ್ಪಿಸಿದೆ: ಮೈಸೂರು ರಾಜ್ಯ ರಾಜ್ಯತಂಡಗಳ ಟೂರ್ನಿಯಾದ ಸಂತೋಷ್ ಟ್ರೋಫಿ ಗೆದ್ದದ್ದು ನಾಲ್ಕು ಸಲ, ನಾಲ್ಕು ಸಲವೂ ಫೈನಲಿನಲ್ಲಿ ಸೋತದ್ದು ಬಂಗಾಳ. ಅವರು ನಕ್ಕು, "ನಾವು ಮೂವತ್ತೆರಡು ಸಲ ಗೆದ್ದಿದ್ದೇವೆ, ನಾಲ್ಕು ನಿಮಗಿರಲಿ" ಎಂದರು.

ರಾತ್ರಿ ಊಟವಾದ ಮೇಲೆ ಅವರ ದನಿ ತಗ್ಗಿತು. 1980ರ ಆಗಸ್ಟ್ 16ರಂದು ಈಡನ್ ಗಾರ್ಡನ್ಸಿನಲ್ಲಿ ಮೋಹನ್ ಬಾಗಾನ್–ಈಸ್ಟ್ ಬೆಂಗಾಲ್ ಪಂದ್ಯ. ಅವರು ಅಲ್ಲಿದ್ದರು. ಒಂದೇ ಸ್ಟ್ಯಾಂಡಿನಲ್ಲಿ ಎರಡೂ ಕಡೆಯವರು, ಮೈದಾನದ ಜಗಳ ಮೇಲಕ್ಕೆ ಹಬ್ಬಿತು, ಆಮೇಲೆ ನೂಕುನುಗ್ಗಲು. ಹದಿನಾರು ಜನ ಸತ್ತರು. "ಚಪ್ಪಲಿ ಇಲ್ಲದೆ ಮನೆಗೆ ಹೋದೆ. ಅಮ್ಮ ಕೇಳಲಿಲ್ಲ, ನಾನೂ ಹೇಳಲಿಲ್ಲ." ಅಂದಿನಿಂದ ಆ ದಿನವನ್ನು ಕೋಲ್ಕತ್ತದಲ್ಲಿ ಫುಟ್‌ಬಾಲ್ ಪ್ರೇಮಿಗಳ ದಿನವೆಂದು ನೆನೆಯುತ್ತಾರೆ, ರಕ್ತದಾನ ಮಾಡುತ್ತಾರೆ. ಇವರೂ ವರ್ಷ ತಪ್ಪದೆ ಕೊಡುತ್ತಿದ್ದರಂತೆ. ವಯಸ್ಸಾದ ಮೇಲೆ ಮಗ ಕೊಡುತ್ತಾನೆ. ಮೇಲಿನ ಬರ್ತಿನಿಂದ ಮಗ, "ಸಾಕು ಬಾಬಾ, ಮಲಗಿ" ಎಂದ.

ಬೆಳಿಗ್ಗೆ ಚಿಲಿಕಾ ಸರೋವರದ ಪಕ್ಕ ರೈಲು ಹೋಗುವಾಗ ಆಗಸ್ಟ್ 18ರ ಕಥೆ ಹೇಳಿದವನು ಆ ಮಗನೇ. ಅಂದು ಡುರಾಂಡ್ ಕಪ್ಪಿನ ಡರ್ಬಿ, ಅಂದರೆ ಒಂದೇ ಊರಿನ ಎದುರಾಳಿಗಳಾದ ಮೋಹನ್ ಬಾಗಾನ್–ಈಸ್ಟ್ ಬೆಂಗಾಲ್ ಪಂದ್ಯ, ನಡೆಯಬೇಕಿತ್ತು. ಗ್ಯಾಲರಿಯಲ್ಲಿ ವೈದ್ಯೆಗೆ ನ್ಯಾಯ ಕೇಳುವ ಬ್ಯಾನರುಗಳು ಏಳುತ್ತವೆಂದು ಊರಿಗೆಲ್ಲ ಗೊತ್ತಿತ್ತು. ಹಿಂದಿನ ದಿನ ಪಂದ್ಯವೇ ರದ್ದಾಯಿತು. ಭದ್ರತೆಗೆ ಸಾಕಷ್ಟು ಪೊಲೀಸರಿಲ್ಲ ಎಂಬ ಕಾರಣ ಬಂತು. ಪಂದ್ಯವಿಲ್ಲದಿದ್ದರೂ ಅಭಿಮಾನಿಗಳು ಕ್ರೀಡಾಂಗಣದ ಹೊರಗೆ ಬೈಪಾಸಿನಲ್ಲಿ ಸೇರಿದರು. ಪಂದ್ಯಕ್ಕೆ ಸಿಗದ ಪೊಲೀಸರು ಅವರನ್ನು ಚದುರಿಸಲು ಮಾತ್ರ ದಂಡಿಯಾಗಿ ಸಿಕ್ಕರು, ಲಾಠಿಯೂ ಬೀಸಿದರು. ಮೋಹನ್ ಬಾಗಾನಿನ ಹಸಿರು–ಕೆಂಗಂದು, ಈಸ್ಟ್ ಬೆಂಗಾಲಿನ ಕೆಂಪು–ಹಳದಿ, ಮೊಹಮ್ಮಡನ್ ಸ್ಪೋರ್ಟಿಂಗಿನ ಕಪ್ಪು–ಬಿಳಿ, ಮೂರೂ ಒಂದೇ ರಸ್ತೆಯಲ್ಲಿ. ಬಾಗಾನ್ ಅಂಗಿಯವನ ಹೆಗಲ ಮೇಲೆ ಈಸ್ಟ್ ಬೆಂಗಾಲ್ ಅಂಗಿಯವನು ಕುಳಿತು ಘೋಷಣೆ ಕೂಗುವ ಚಿತ್ರವನ್ನು ನಾನೂ ನೋಡಿದ್ದೆ. ಬಾಗಾನಿನ ನಾಯಕ ಶುಭಾಶಿಷ್ ಬೋಸ್ ಪತ್ನಿಯೊಂದಿಗೆ ಬಂದು ನಿಂತಿದ್ದರು.

ಆ ಚಿತ್ರದ ತೂಕ ತಿಳಿಯಬೇಕಾದರೆ ಘೋಟಿ, ಬಾಂಗಾಲ್ ಎಂಬ ಎರಡು ಪದ ತಿಳಿದಿರಬೇಕು. ಪಶ್ಚಿಮ ಬಂಗಾಳದ ಮೂಲನಿವಾಸಿ ಘೋಟಿ, ಅವನದು ಮೋಹನ್ ಬಾಗಾನ್, ಗೆದ್ದರೆ ಮನೆಗೆ ಸಿಗಡಿ ಬರುತ್ತದೆ. ಪೂರ್ವ ಬಂಗಾಳದಿಂದ ಗಂಟುಮೂಟೆ ಕಟ್ಟಿಕೊಂಡು ಬಂದವನು ಬಾಂಗಾಲ್, ಅವನದು ಈಸ್ಟ್ ಬೆಂಗಾಲ್, ಗೆದ್ದರೆ ಹಿಲ್ಸಾ ಮೀನು. ಇದು ಬರೀ ಆಟದ ಪೈಪೋಟಿಯಲ್ಲ. ದೇಶ ವಿಭಜನೆಯ ಗಾಯ, ಬಾಡಿಗೆ ಮನೆಯ ಜಗಳ, ಮದುವೆ ಮಾತುಕತೆ, ಅಡುಗೆಗೆ ಸಕ್ಕರೆ ಹಾಕಬೇಕೋ ಬೇಡವೋ ಎಂಬುದೆಲ್ಲ ಅದರೊಳಗಿದೆ. ಮಗ ಹೇಳಿದ: "ನನ್ನ ಹೆಂಡತಿ ಘೋಟಿ. ಡರ್ಬಿ ದಿನ ನಾವು ಮಾತು ಬಿಡುತ್ತೇವೆ. ಈ ಸಲ ಇಬ್ಬರೂ ಒಟ್ಟಿಗೆ ಹೋಗಿದ್ದೆವು."

ಹೌರಾದಲ್ಲಿ ಅವರನ್ನು ಬೀಳ್ಕೊಟ್ಟೆ. ಹಿರಿಯರು ನನ್ನ ಫೋನ್ ನಂಬರು ಬರೆದುಕೊಂಡು, "ನಾಳೆ ನೀವು ಗೆಲ್ಲಿ. ಬಾಗಾನ್ ಸೋತರೆ ನನ್ನ ಹೃದಯಕ್ಕೆ ಒಳ್ಳೆಯದು" ಎಂದರು.

ಮಂಗಳವಾರ ಊರಿನ ಮುಖ ಬಿಗಿದುಕೊಂಡಿತ್ತು. ಅಂದೇ ವಿದ್ಯಾರ್ಥಿ ಸಂಘಟನೆಯ ಹೆಸರಿನಲ್ಲಿ ರಾಜ್ಯದ ಆಡಳಿತ ಕಚೇರಿ ನಬಾನ್ನಕ್ಕೆ ಮೆರವಣಿಗೆ. ನಾನು ಉಳಿದುಕೊಂಡಿದ್ದ ಸಿಯಾಲ್ದಾದ ಲಾಡ್ಜಿನ ಕೆಳಗೆ ಕಚೋರಿ ಅಂಗಡಿಯ ಟಿವಿಯಲ್ಲಿ ಹೌರಾ ಸೇತುವೆಯ ಮೇಲೆ ಜಲಫಿರಂಗಿ ಚಿಮ್ಮುತ್ತಿತ್ತು, ಅಶ್ರುವಾಯುವಿನ ಹೊಗೆ ಏಳುತ್ತಿತ್ತು. ಅಂಗಡಿಯಾತ ಪರದೆಗೆ ಬೆನ್ನು ಹಾಕಿ ಹಿಟ್ಟು ನಾದುತ್ತಿದ್ದ. ಪಕ್ಕದಲ್ಲಿ ಕುಳಿತವರು ಮೆರವಣಿಗೆಯ ಹಿಂದೆ ಯಾವ ಪಕ್ಷವಿದೆ ಎಂದು ವಾದಿಸುತ್ತಿದ್ದರು. ಡರ್ಬಿ ರದ್ದಾದ ದಿನ ರಸ್ತೆಗೆ ಬಂದವರ ಹಿಂದೆ ಯಾರಿದ್ದರು ಎಂದು ಮಾತ್ರ ಯಾರೂ ಕೇಳಲಿಲ್ಲ. ಆ ವ್ಯತ್ಯಾಸ ನನ್ನ ತಲೆಯಲ್ಲಿ ಉಳಿಯಿತು. ಮಣ್ಣಿನ ಕುಡಿಕೆಯಲ್ಲಿ ಎರಡನೇ ಚಹಾ ಕುಡಿದು, ಮಧ್ಯಾಹ್ನ ಮೆಟ್ರೋ ಹತ್ತಿ ಸಾಲ್ಟ್ ಲೇಕ್ ಸ್ಟೇಡಿಯಂ ನಿಲ್ದಾಣದಲ್ಲಿ ಇಳಿದೆ.

1984ರಲ್ಲಿ ತೆರೆದ ಈ ಕ್ರೀಡಾಂಗಣದಲ್ಲಿ 1997ರ ಫೆಡರೇಷನ್ ಕಪ್ ಡರ್ಬಿಗೆ ಒಂದು ಲಕ್ಷ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಈಗ ಕುರ್ಚಿಗಳನ್ನು ಹಾಕಿ ಕಡಿಮೆ ಮಾಡಿದ್ದಾರೆ, ಆದರೂ ಕಂಠೀರವದಿಂದ ಹೋದವನ ಕಣ್ಣಿಗೆ ಅದು ಹಳ್ಳಿಯವನಿಗೆ ಮೊದಲ ಸಲ ಸಮುದ್ರ ಕಂಡಂತೆ. ನೀಲಿ ಅಂಗಿಯವರು ಮೂವತ್ತು ಮಂದಿ ಇದ್ದೆವೋ ಇಲ್ಲವೋ.

ಆಟ ಶುರುವಾದಾಗ ಎದುರಿನ ಗ್ಯಾಲರಿಯಲ್ಲಿ ನಮ್ಮ ತಂಗಿಗೆ ನ್ಯಾಯ ಬೇಕೆಂಬ ಬ್ಯಾನರುಗಳು ಬಿಚ್ಚಿಕೊಂಡವು. 'ಬಿಚಾರ್ ಚಾಯ್', ನ್ಯಾಯ ಬೇಕು, ಎಂಬ ಕೂಗು ಎದ್ದು, ಸುತ್ತು ಹಾಕಿಕೊಂಡು ನಮ್ಮ ಕಡೆ ಬಂತು. ನಮ್ಮ ಗುಂಪಿನ ಹುಡುಗನೊಬ್ಬ, "ನಾವು ಬಂದದ್ದು ಮ್ಯಾಚಿಗೆ, ಆಟದಲ್ಲಿ ರಾಜಕೀಯ ಯಾಕೆ?" ಎಂದು ಗೊಣಗಿದ. ಮೂರು ದಿನದ ಹಿಂದೆ ನಾನೂ ಅದನ್ನೇ ಹೇಳುತ್ತಿದ್ದೆ. ಈಗ ನನಗೆ ನೆನಪಾದದ್ದು ಇದೇ ಮೈದಾನದ ಇನ್ನೊಂದು ದಿನ. 2022ರ ಸೆಪ್ಟೆಂಬರ್ 18ರಂದು ನಮ್ಮ ತಂಡ ಮುಂಬೈ ಸಿಟಿಯನ್ನು ಸೋಲಿಸಿ ಇದೇ ಡುರಾಂಡ್ ಕಪ್ ಗೆದ್ದಿತು. ಕಪ್ ಹಿಡಿಯಲು ಬಂದ ನಮ್ಮ ನಾಯಕ ಸುನಿಲ್ ಚೆಟ್ರಿಯನ್ನು ಫೋಟೊಗಾಗಿ ಕೈಯಿಂದ ಪಕ್ಕಕ್ಕೆ ಸರಿಸಿದವರು ವೇದಿಕೆಯ ಮೇಲಿದ್ದ ಅಂದಿನ ರಾಜ್ಯಪಾಲರು. ಆ ವಿಡಿಯೊವನ್ನು ದೇಶವೆಲ್ಲ ನೋಡಿತು. ವೇದಿಕೆಯಿಂದ ಇಳಿದು ಬರುವಾಗ ಅದು ಗೌರವ, ಗ್ಯಾಲರಿಯಿಂದ ಏಳುವಾಗ ರಾಜಕೀಯ! 1911ರ ಜುಲೈ 29ರಂದು ಹೆಚ್ಚುಕಡಿಮೆ ಇಡೀ ತಂಡ ಬರಿಗಾಲಲ್ಲಿ ಆಡಿ ಬ್ರಿಟಿಷ್ ಸೇನೆಯ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು 2–1ರಿಂದ ಸೋಲಿಸಿದ ಮೋಹನ್ ಬಾಗಾನಿನ ಊರಿಗೆ ಬಂದು, ಆಟದಲ್ಲಿ ರಾಜಕೀಯ ಬೇಡ ಎನ್ನುವುದು ಉಡುಪಿಗೆ ಹೋಗಿ ಊಟದಲ್ಲಿ ಸಾರು ಬೇಡ ಎಂದಂತೆ. ಹುಡುಗನಿಗೆ ಇಷ್ಟೆಲ್ಲ ಹೇಳಲಿಲ್ಲ. ಎದ್ದು ನಿಂತು ಚಪ್ಪಾಳೆ ತಟ್ಟಿದೆ. ಅವನು ಸ್ವಲ್ಪ ಹೊತ್ತು ಕುಳಿತೇ ಇದ್ದು, ಆಮೇಲೆ ಎದ್ದ.

ಇನ್ನು ಆಟ. ಅರ್ಧ ಸಮಯಕ್ಕೆ ಸ್ವಲ್ಪ ಮೊದಲು ಚೆಟ್ರಿ ಪೆನಾಲ್ಟಿಯಲ್ಲಿ ಗೋಲು ಹೊಡೆದರು. ಜೂನ್ 6ರಂದು ಕುವೈತ್ ವಿರುದ್ಧದ ಗೋಲಿಲ್ಲದ ಪಂದ್ಯದ ನಂತರ ಭಾರತ ತಂಡಕ್ಕೆ ಕಣ್ಣೀರಿನ ವಿದಾಯ ಹೇಳಿದ್ದು ಇದೇ ಹುಲ್ಲಿನ ಮೇಲೆ. 2002ರಲ್ಲಿ ಅವರು ವೃತ್ತಿ ಆರಂಭಿಸಿದ್ದು ಬಾಗಾನಿನಲ್ಲೇ, ಮದುವೆಯಾದದ್ದು ಬಾಗಾನಿನ ಹಳೆಯ ಹುಲಿ ಸುಬ್ರತ ಭಟ್ಟಾಚಾರ್ಯರ ಮಗಳನ್ನು. ಊರಿನ ಅಳಿಯ ಗೋಲು ಹೊಡೆದರೆ ಬೈಯುವುದೂ ಕಷ್ಟ. ಪಕ್ಕದಲ್ಲಿದ್ದ ಬಾಗಾನ್ ಅಂಗಿಯ ಮಧ್ಯವಯಸ್ಕರು ಬೈಯಲು ಬಾಯಿ ತೆರೆದು ಹಣೆ ಚಚ್ಚಿಕೊಂಡರು. ಐವತ್ತನೇ ನಿಮಿಷದಲ್ಲಿ ನಮ್ಮ ಹುಡುಗ ವಿನೀತ್ ವೆಂಕಟೇಶ್ ಎರಡನೆಯದು ಹೊಡೆದ. ನಾವು ಮೂವತ್ತು ಮಂದಿ ಮೂರು ಸಾವಿರದಷ್ಟು ಕೂಗಿದೆವು.

ಆಮೇಲೆ ನಮ್ಮವರು ಹಿಂದಕ್ಕೆ ಸರಿದು ಕಾಯಲು ನಿಂತರು. ಎರಡು ಗೋಲಿನ ಮುನ್ನಡೆ ಸಿಕ್ಕೊಡನೆ ಗಂಟು ಕಟ್ಟಿಕೊಂಡು ಕೂರುವ ಈ ಚಾಳಿ ನಮ್ಮ ತಂಡವನ್ನು ಎಷ್ಟು ಸಲ ಮುಳುಗಿಸಿದೆಯೋ. ಬಾಗಾನಿನ ಪೆಟ್ರಾಟೋಸ್ ಪೆನಾಲ್ಟಿ, ಅನಿರುದ್ಧ್ ಥಾಪಾ ದೂರದಿಂದ ಬಾರಿಸಿದ ಗುಂಡು, 2–2. ಶೂಟೌಟಿನಲ್ಲಿ ಅವರ ಗೋಲ್‌ಕೀಪರ್ ವಿಶಾಲ್ ಕೈತ್ ಗೋಡೆಯಾದ, ಬಾಗಾನಿಗೆ 4–3. ಇದಕ್ಕಿಂತ ಹೆಚ್ಚು ಬರೆಯಲು ಕೈ ಬರುವುದಿಲ್ಲ. ಶನಿವಾರದ ಫೈನಲಿನಲ್ಲಿ ಬಾಗಾನ್ ಕೂಡ ಎರಡು ಗೋಲಿನಿಂದ ಮುಂದಿದ್ದು, ನಾರ್ತ್‌ಈಸ್ಟ್ ಯುನೈಟೆಡ್ ಎದುರು ಶೂಟೌಟಿನಲ್ಲಿ ಸೋತಿತೆಂದು ತಿಳಿದಾಗ ನನಗೆ ಆದ ಸಮಾಧಾನ ಸಣ್ಣತನದ್ದು. ಒಪ್ಪಿಕೊಳ್ಳುತ್ತೇನೆ.

ಬುಧವಾರ ಬಂದ್. ಅಂಗಡಿಗಳು ಅರ್ಧ ತೆರೆದಿದ್ದವು, ಬಸ್ಸುಗಳು ಖಾಲಿ ಓಡುತ್ತಿದ್ದವು. ಧರ್ಮತಲಾದಿಂದ ಮೈದಾನಕ್ಕೆ ನಡೆದು ಹೋದೆ. ಕೂಗಳತೆಯಲ್ಲಿ ಮೂರು ಕ್ಲಬ್ಬುಗಳ 'ಟೆಂಟು'ಗಳು. ಕಟ್ಟಡಗಳಾಗಿದ್ದರೂ ಹೆಸರು ಟೆಂಟೇ. ಹಸಿ ಹುಲ್ಲಿನಲ್ಲಿ ಹುಡುಗರು ಬರಿಗಾಲಲ್ಲಿ ಆಡುತ್ತಿದ್ದರು. ಆಚೆಗೆ ಈಡನ್ ಗಾರ್ಡನ್ಸ್, ಇಂದು ಅದು ಪೂರ್ತಿ ಕ್ರಿಕೆಟ್ಟಿನದು. ಅದರ ಗೋಡೆಯುದ್ದಕ್ಕೂ ನಡೆಯುವಾಗ ಚಪ್ಪಲಿ ಇಲ್ಲದೆ ಮನೆಗೆ ಹೋದವರನ್ನು ನೆನೆದೆ.

ಮರಳಿದ ಮೇಲೆ ಹಿರಿಯರ ಸಂದೇಶಗಳು ಬರುತ್ತಿದ್ದವು. ಹೆಚ್ಚಿನವು ಬಾಗಾನನ್ನು ಬೈಯುವಂಥವು. 2025ರ ಜನವರಿ 20ರಂದು ಆರ್‌.ಜಿ. ಕರ್ ಪ್ರಕರಣದ ಅಪರಾಧಿಗೆ ಜೀವಾವಧಿ ಶಿಕ್ಷೆಯಾದಾಗ, 'ಒಬ್ಬನೇ?' ಎಂಬ ಒಂದೇ ಪದ ಬಂತು.

ಆ ವರ್ಷದ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ, ಐಪಿಎಲ್ ಕಪ್ ಗೆದ್ದ ಸಂಭ್ರಮಕ್ಕೆ ಬಂದಿದ್ದ ಹನ್ನೊಂದು ಜನ ಕಾಲ್ತುಳಿತದಲ್ಲಿ ಸತ್ತರು. ಸಂಜೆ ಅವರ ಕರೆ ಬಂತು. ಅದೇ ಮೊದಲ ಸಲ ಸಂದೇಶದ ಬದಲು ಕರೆ ಮಾಡಿದ್ದು. ನಾನು ಮನೆಯಲ್ಲಿದ್ದೇನೆ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ರಸ್ತೆಯಲ್ಲಿ ಚಪ್ಪಲಿಗಳು ಬಿದ್ದಿವೆ, ಟಿವಿಯಲ್ಲಿ ತೋರಿಸುತ್ತಿದ್ದಾರೆ" ಎಂದರು.

ಆಗಸ್ಟ್ 16ಕ್ಕೆ ಒಂದು ಫೋಟೊ ಕಳುಹಿಸಿದರು: ಮಗ ರಕ್ತ ಕೊಡುತ್ತ ಮಲಗಿದ್ದಾನೆ, ಪಕ್ಕದ ಮಂಚದಲ್ಲಿ ಸೊಸೆ, ಘೋಟಿಯ ಹಸಿರು–ಕೆಂಗಂದು ದುಪಟ್ಟಾ. ಕೆಳಗೆ ಒಂದು ಪ್ರಶ್ನೆ: ನಿಮ್ಮ ಊರಿನಲ್ಲಿ ಜೂನ್ 4ರಂದು ಏನು ಮಾಡುತ್ತೀರಿ?

ಉತ್ತರ ಬರೆಯಲು ಮೂರು ಸಲ ಶುರು ಮಾಡಿ ಅಳಿಸಿದ್ದೇನೆ.