450 ಹೆಲಿಕಾಪ್ಟರ್, ನಾಲ್ಕನೇ ಅಪ್‌ಡೇಟ್: ಎಡಕ್ಕೆ ಜಾರುವುದು ಯಾಕೆ ಅಂತ ಸಿಕ್ಕಿತು

ಕಳೆದ ಸಲ ಬರೆದಾಗ ನನ್ನ 450 (ರಿಮೋಟಿನಲ್ಲಿ ಹಾರಿಸುವ ಮಾದರಿ ಹೆಲಿಕಾಪ್ಟರ್, 450 ಅಂದ್ರೆ ಅದರ ಸೈಜ್) ಒಂದಡಿ ಮೇಲೆ ಏಳ್ತಿತ್ತು ಅಷ್ಟೆ, ಎದ್ದ ಕೂಡ್ಲೆ ಎಡಕ್ಕೆ ಜಾರಿ ಹೋಗ್ತಿತ್ತು. ಈಗ ಏಣೇಲು ಕೊಯ್ಲು ಮುಗಿದು ಬ್ರಹ್ಮಾವರದ ಹತ್ರ ಮಾವನ ಗದ್ದೆ ಖಾಲಿ ಉಂಟು, ಮೂರು ಭಾನುವಾರ ಬೆಳಿಗ್ಗೆ ಆರೂವರೆಗೇ ಹೋಗಿ ಹಾರಿಸಿದೆ, ಹೊತ್ತೇರಿ ಕಡಲಗಾಳಿ ಶುರುವಾದ್ರೆ ನನ್ನ ಹಾಗೆ ಕಲಿಯುವವರಿಗೆ ಕಷ್ಟ.

ಮೊದಲು ಸಂಶಯ ಬಂದದ್ದು ಸ್ವಾಶ್‌ಪ್ಲೇಟ್ ಮೇಲೆ, ಅಂದ್ರೆ ರೋಟರನ್ನು ಬೇಕಾದ ಕಡೆ ವಾಲಿಸುವ ತಟ್ಟೆ. ಅದನ್ನು ಆಡಿಸುವ ಮೂರೂ ಸಣ್ಣ ಮೋಟರ್‌ಗಳ (ಸರ್ವೋ) ಕೈ ಬಿಚ್ಚಿ ಪುನಃ ಕೂರಿಸಿ, ಲೆವೆಲರ್ ಇಟ್ಟು, ಬ್ಲೇಡಿನ ಓರೆ ಅಳೆಯುವ ಪಿಚ್ ಗೇಜ್ ಹಾಕಿ ನೋಡಿದೆ, ಸ್ಟಿಕ್ ಮಧ್ಯದಲ್ಲಿ ಸೊನ್ನೆ, ಎರಡೂ ತುದಿಯಲ್ಲಿ 10 ಡಿಗ್ರಿ, ಎಲ್ಲ ಸರಿ. ಆಮೇಲೆ ಬ್ಲೇಡ್ ತುದಿಗೆ ಕೆಂಪು ಹಳದಿ ಟೇಪ್ ಸುತ್ತಿ ಟ್ರ್ಯಾಕಿಂಗ್, ಅಂದ್ರೆ ಎರಡೂ ಬ್ಲೇಡ್ ಒಂದೇ ಎತ್ತರದಲ್ಲಿ ಓಡ್ತವಾ ಅಂತ, ನೋಡಿದೆ, ಹಳದಿ ಸ್ವಲ್ಪ ಮೇಲೆ ಓಡ್ತಿತ್ತು, ಆ ಬ್ಲೇಡಿನ ಓರೆ ಹೊಂದಿಸುವ ಲಿಂಕ್ ಕಡ್ಡಿ ಒಂದು ಸುತ್ತು ತಿರುಗಿಸಿದ್ದಕ್ಕೆ ಸರಿಯಾಯ್ತು, ನಡುಕವೂ ಕಮ್ಮಿ ಆಯ್ತು. ಆದ್ರೆ ಜಾರುವುದು ನಿಲ್ಲಲಿಲ್ಲ, ಗಾಳಿಯೇ ಇಲ್ಲದ ದಿನವೂ ಎಡಕ್ಕೇ.

ರಾತ್ರಿ ಕೂತು ಪೇಪರ್ ಮೇಲೆ ಬಾಣ ಹಾಕಿದೆ. ನನ್ನ ಮೇನ್ ರೋಟರ್ (ಮೇಲಿನ ದೊಡ್ಡದು) ಮೇಲಿಂದ ನೋಡಿದ್ರೆ ಗಡಿಯಾರದ ಮುಳ್ಳಿನ ಹಾಗೆ ತಿರುಗ್ತದೆ, ಮೋಟರ್ ಅದನ್ನು ಆ ಕಡೆ ತಿರುಗಿಸುವಾಗ ಬಾಡಿ ಈ ಕಡೆ ತಿರುಗಲಿಕ್ಕೆ ನೋಡ್ತದೆ, ಮೂತಿ ಎಡಕ್ಕೆ ಬಾಲ ಬಲಕ್ಕೆ. ಅದನ್ನು ತಡೀಲಿಕ್ಕೆ ಟೈಲ್ ರೋಟರ್ (ಬಾಲದ ತುದಿಯ ಸಣ್ಣದು) ಬಾಲವನ್ನು ಎಡಕ್ಕೆ ತಳ್ಳಬೇಕು. ತಿರುಗುವುದು ನಿಲ್ತದೆ, ಸರಿ, ಆದ್ರೆ ಆ ಎಡಕ್ಕೆ ತಳ್ಳುವ ಬಲ ಎಲ್ಲಿ ಹೋಗ್ಬೇಕು? ಅದು ಇಡೀ ಮೆಷಿನನ್ನೇ ಎಡಕ್ಕೆ ತಳ್ತದೆ! ಅಂದ್ರೆ ಜಾರುವುದು ಸೆಟಪ್‌ನ ದೋಷವೇ ಅಲ್ಲ, ಮೇನ್ ರೋಟರನ್ನು ಚೂರು ಬಲಕ್ಕೆ ವಾಲಿಸಿ ಹಿಡಿದ್ರೆ ಮಾತ್ರ ಒಂದೇ ಕಡೆ ನಿಲ್ತದೆ. ಎರಡು ವಾರ ನಾನು ಇಲ್ಲದ ತಪ್ಪನ್ನು ಹುಡುಕ್ತಾ ಇದ್ದೆ.

ಮರುದಿನ ಬಲಕ್ಕೆ ಕೂದಲೆಳೆಯಷ್ಟು ಸ್ಟಿಕ್ ಕೊಟ್ಟು ಎತ್ತಿದೆ, ನಿಂತಿತು ಮಾರ್ರೆ. ನಾಲ್ಕು ನಿಮಿಷ! ಮಾವ ಗದ್ದೆ ಹುಣಿಯ ಮೇಲೆ ನಿಂತು ನೋಡಿ "ಅದು ಒಂದು ಬದಿಗೆ ವಾಲಿಕೊಂಡೇ ಉಂಟಲ್ಲ ಮಾರಾಯ, ಸರಿ ಇಲ್ವಾ ಅದು?" ಅಂತ ಕೇಳಿದ್ರು, ಹಾಗೆ ವಾಲಿದ್ರೇ ಸರಿ ಮಾವ ಅಂದೆ. ಒಂದು ವಿಷಯ, ಫ್ಲೈಬಾರ್‌ಲೆಸ್ ಯೂನಿಟ್ (ಮೆಷಿನನ್ನು ತಾನೇ ಸ್ಥಿರವಾಗಿಡುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಇದ್ರೆ ಇದಕ್ಕಾಗಿ ರೇಡಿಯೋದ ಟ್ರಿಮ್, ಅಂದ್ರೆ ಸ್ಟಿಕ್‌ನ ಮಧ್ಯವನ್ನು ಚೂರು ಸರಿಸುವ ಗುಂಡಿ, ಮುಟ್ಟಬೇಡಿ, ಅದು ಟ್ರಿಮ್ಮನ್ನು ಸ್ಟಿಕ್ ಕಮಾಂಡ್ ಅಂತಲೇ ತಿಳ್ಕೊಂಡು ವಾಲಿಸ್ತಾ ಹೋಗ್ತದೆ, ಕೈಯಲ್ಲೇ ಹಿಡೀಬೇಕು.

ದೊಡ್ಡ ಹೆಲಿಕಾಪ್ಟರಲ್ಲೂ ಇದೇ ಕತೆ. ಕೋಸ್ಟ್ ಗಾರ್ಡ್‌ನವರ ಚೇತಕ್ ಉಂಟಲ್ಲ, ಫ್ರಾನ್ಸಿನ ಅಲುಯೆಟ್ 3ರ ಲೈಸೆನ್ಸಲ್ಲಿ ಎಚ್‌ಎಎಲ್ ಮಾಡಿದ್ದು, ಅದರ ರೋಟರ್ ನನ್ನದರ ಹಾಗೇ ತಿರುಗ್ತದೆ, ಹಾಗಾಗಿ ಅದೂ ಎಡಕ್ಕೇ. ಅಮೆರಿಕದವು ಹೆಚ್ಚಿನವು ಉಲ್ಟಾ ತಿರುಗುವುದು, ಅವು ಬಲಕ್ಕೆ ಜಾರ್ತವೆ.

ಇದು ಗೊತ್ತಾದ ಮೇಲೆ ಹೊಸ ಡಿಸೈನ್‌ಗಳನ್ನು ನೋಡುವ ಕಣ್ಣೇ ಬೇರೆ ಆಯ್ತು, ಎಲ್ರೂ ಈ ಬಾಲದ ಕಾಟಕ್ಕೇ ಒಂದೊಂದು ದಾರಿ ಹುಡುಕಿದ್ದಾರೆ. ಬೆಲ್ ಕಂಪೆನಿಯವರು 2020ರಲ್ಲಿ ತಮ್ಮ 429 ಹೆಲಿಕಾಪ್ಟರಿನ ಟೈಲ್ ರೋಟರ್ ತೆಗೆದು ನಾಲ್ಕು ಎಲೆಕ್ಟ್ರಿಕ್ ಫ್ಯಾನ್ ಕೂರಿಸಿ ತೋರಿಸಿದ್ರು, ಉದ್ದದ ಶಾಫ್ಟ್ ಬೇಡ, ಗೇರ್‌ಬಾಕ್ಸ್ ಬೇಡ. 2024ರ ಏಪ್ರಿಲಲ್ಲಿ ಮೊದಲ ಸಲ ಹಾರಿದ ಏರ್‌ಬಸ್ ರೇಸರಲ್ಲಿ ಟೈಲ್ ರೋಟರೇ ಇಲ್ಲ, ಎರಡು ಬದಿಯ ಪ್ರೊಪೆಲರ್‌ಗಳೇ ಮುಂದೆ ತಳ್ತವೆ, ಒಂದು ಹೆಚ್ಚು ಒಂದು ಕಮ್ಮಿ ತಳ್ಳಿ ತಿರುಗುವುದನ್ನೂ ತಡೀತವೆ. ನನಗೆ ಎಲ್ಲಕ್ಕಿಂತ ಇಷ್ಟ ಮಂಗಳ ಗ್ರಹದಲ್ಲಿ ಹಾರಿದ ನಾಸಾದ ಪುಟ್ಟ ಹೆಲಿಕಾಪ್ಟರ್ ಇಂಜೆನ್ಯುಯಿಟಿ. ಒಂದರ ಮೇಲೊಂದು ಎರಡು ರೋಟರ್, ವಿರುದ್ಧ ದಿಕ್ಕಿಗೆ ತಿರುಗಿ ಒಂದರ ತಿರುಚನ್ನು ಇನ್ನೊಂದು ಕಳೀತದೆ. ತೂಕ 1.8 ಕೆಜಿ, ರೋಟರ್ ಅಗಲ 1.2 ಮೀಟರ್, ನಿಮಿಷಕ್ಕೆ 2,400ರ ಮೇಲೆ ಸುತ್ತು. ನನ್ನ ರೋಟರಿನ ಸ್ಪೀಡೂ 2,400ರ ಆಸುಪಾಸೇ, ಆದ್ರೆ ಅಲ್ಲಿಯ ಗಾಳಿ ನಮ್ಮದರ ನೂರರಲ್ಲಿ ಒಂದು ಪಾಲಿನಷ್ಟು ತೆಳು, ಅದರಲ್ಲಿ 72 ಸಲ ಹಾರಿತು ಅಂದ್ರೆ ಆ ಬ್ಲೇಡ್ ಮಾಡಿದವರಿಗೆ ಕೈ ಮುಗೀಬೇಕು.

ಇನ್ನು ರಿಪೇರಿ. ಬ್ಲೇಡನ್ನು ಹಿಡಿದಿಡುವ ಗ್ರಿಪ್ ಬಿಚ್ಚಿದ್ರೆ ಥ್ರಸ್ಟ್ ಬೇರಿಂಗಲ್ಲಿ ಕಂದು ಪುಡಿ, ತುಕ್ಕು. ನಮ್ಮ ಉಪ್ಪು ಗಾಳಿಗೆ ಮಳೆಗಾಲವಿಡೀ ಶೆಡ್ಡಲ್ಲಿ ಇಟ್ಟದ್ದು ತಪ್ಪಾಯ್ತು. ಬ್ಲೇಡ್ ತುದಿ ಗಂಟೆಗೆ ಮುನ್ನೂರು ಕಿಲೋಮೀಟರ್ ಮೇಲೆ ಓಡ್ತದೆ, ಗ್ರಿಪ್ ಬಿಟ್ರೆ ಎದುರು ಇದ್ದವರ ಗತಿ ಯೋಚಿಸಲಿಕ್ಕೂ ಆಗುವುದಿಲ್ಲ, ಹಾಗಾಗಿ ಎರಡೂ ಬೇರಿಂಗ್ ಹೊಸತು ಹಾಕಿ ಗ್ರೀಸ್ ತುಂಬಿಸಿದೆ, ಸ್ಕ್ರೂಗಳು ಸಡಿಲಾಗದ ಹಾಗೆ ಥ್ರೆಡ್‌ಲಾಕ್ ಅಂಟು ಹೊಸದಾಗಿ ಹಾಕಿದೆ, ಈಗ ಹಾರಿಸಿ ಬಂದ ಮೇಲೆ ಸಿಲಿಕಾ ಜೆಲ್ ಹಾಕಿದ ಮುಚ್ಚಳದ ಡಬ್ಬಿಯಲ್ಲೇ ಇಡುವುದು.

ಮುಂದಿನ ಭಾನುವಾರ ಮೂತಿಯನ್ನು ಬಲಕ್ಕೆ ತಿರುಗಿಸಿ ಹೋವರ್ ಮಾಡಿ, ಅಂದ್ರೆ ಗಾಳಿಯಲ್ಲಿ ಒಂದೇ ಕಡೆ ನಿಲ್ಲಿಸಿ, ನೋಡ್ಬೇಕು. ಆಗ ಅದರ ಎಡ ಅಂದ್ರೆ ನನ್ನಿಂದ ದೂರ, ಗದ್ದೆಯ ಆಚೆ ತೆಂಗಿನ ಸಾಲು ಉಂಟು, ಸ್ವಲ್ಪ ಈಚೆಗೆ ನಿಂತೇ ಎತ್ತುವುದು.