ಬೆಳ್ಳುಕ್ ಬೇಕಾದ್ರೆ ನಿಂತ್ಕಳಿ

ಪಾಂಡವಪುರದ ಕಡೆಯ ಒಂದು ಆಲೆಮನೆಯಲ್ಲಿ ಈ ವಾರ ಕಿವಿಗೆ ಬಿದ್ದ ಎರಡು ಮಾತು ತಲೆಯಿಂದ ಹೋಗುತ್ತಿಲ್ಲ. ರಜೆಗೆಂದು ಮೈಸೂರಿಗೆ ಬಂದಿದ್ದ ಕುಟುಂಬವೊಂದು, ಆಗಷ್ಟೇ ಅಚ್ಚಿನ ಮಣೆಯಿಂದ ಬಿಡಿಸಿ ಹರಡಿದ್ದ ಬೆಲ್ಲದ ಮುಂದೆ ನಿಂತಿತ್ತು. ಅದರಲ್ಲಿದ್ದ ಹೆಣ್ಣುಮಗಳು ಒಂದು ಅಚ್ಚನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿ, "ಅಣ್ಣಾ, ಇದ್ಯಾಕೆ ಇಷ್ಟು ಕಪ್ಪಗಿದೆ? ಅಂಗಡೀಲಿ ಸಿಗುತ್ತಲ್ಲ, ಆ ಥರ ಬೆಳ್ಳಗಿರೋದು ಇಲ್ವಾ?" ಎಂದು ಕೇಳಿದರು. ಕೊಪ್ಪರಿಗೆಯ ಮುಂದೆ ಪಾಕ ನೋಡುತ್ತಿದ್ದ ಹಿರಿಯರು ಕಣ್ಣು ಕೀಳದೆಯೇ, "ಬೆಳ್ಳುಕ್ ಬೇಕಾ? ಅಂಗಾರೆ ಈ ಕೊಪ್ರುಗೆ ಇಳಿಯೋಗಂಟ ನಿಂತ್ಕಳಿ ಕನವ್ವಾ, ಮಾಡ್ಕೊಡ್ತೀವಿ" ಎಂದರು.

ಸಿಟ್ಟಿನಿಂದ ಆಡಿದ ಮಾತಲ್ಲ. ಗಿರಾಕಿ ಕೇಳಿದ್ದನ್ನು ಮಾಡಿಕೊಟ್ಟು ಬದುಕುವವರ ಮಾತು. ಆದರೆ ಬೆಲ್ಲದ ಕಥೆಯೆಲ್ಲ ಅದರೊಳಗಿದೆ. ಬಿಳುಪು ಕಬ್ಬಿನಿಂದ ಬರುವುದಲ್ಲ, ಯಾರೋ ಕೇಳಿದರೆಂದು ಕೊಪ್ಪರಿಗೆಗೆ ಬೀಳುವಂಥದ್ದು. ಕೇಳಿದ ಹೆಣ್ಣುಮಗಳನ್ನು ದೂರಲೂ ಆಗದು. ಮಗುವಿನ ಕೈಹಿಡಿದು ಗಾಣ, ಒಲೆ ಎಲ್ಲವನ್ನೂ ತೋರಿಸುತ್ತಿದ್ದರು, ಗೊತ್ತಿಲ್ಲದ್ದನ್ನು ಸಂಕೋಚಪಡದೆ ಕೇಳುತ್ತಿದ್ದರು. ಬೇಸರವಾದದ್ದು ಆಲೆಮನೆಯ ಮಾಲೀಕರ ಬಗ್ಗೆ. ನಾಲ್ಕು ಹೆಜ್ಜೆ ಆಚೆ ಕುರ್ಚಿ ಹಾಕಿಕೊಂಡು ಕೂತಿದ್ದವರು ಎದ್ದು ಬಂದು ಎರಡು ನಿಮಿಷ ವಿವರಿಸಿದ್ದರೆ ಆ ಮನೆಯವರು ಬೆಲ್ಲ ಕೊಳ್ಳುವ ರೀತಿಯೇ ಬದಲಾಗುತ್ತಿತ್ತು.

ನಂದಿ ಬೆಟ್ಟದ ತಪ್ಪಲಿನ ವೈನ್ ತೋಟಗಳಲ್ಲಿ ಈ ಎರಡು ನಿಮಿಷಕ್ಕೆ ಬೆಲೆಯಿದೆ. ದುಡ್ಡು ಕೊಟ್ಟು ಒಳಗೆ ಹೋದವರಿಗೆ ದ್ರಾಕ್ಷಿ ಸಾಲು, ಹಿಂಡುವ ಯಂತ್ರ, ಸ್ಟೀಲ್ ಟ್ಯಾಂಕು, ಓಕ್ ಪೀಪಾಯಿ ತೋರಿಸಿ, ಕೊನೆಗೆ ರುಚಿ ನೋಡುವುದನ್ನೂ ಹೇಳಿಕೊಡುತ್ತಾರೆ. ಮೊದಲು ಬಿಳಿ ಹಿನ್ನೆಲೆಯಲ್ಲಿ ಬಣ್ಣ, ಆಮೇಲೆ ಮೂಗು, ಆಮೇಲೆ ನಾಲಿಗೆ. ಹಗುರಾದದ್ದು ಮೊದಲು, ಗಡುಸಾದದ್ದು ಕೊನೆಗೆ. ಕೆಂಪು ವೈನಿನ ಬಣ್ಣ ದ್ರಾಕ್ಷಿ ಸಿಪ್ಪೆಯಿಂದ ಬಂದದ್ದೆಂದು ತಿಳಿದವರು ಮುಂದೆಂದೂ ಆ ಬಣ್ಣವನ್ನು ದೋಷವೆನ್ನುವುದಿಲ್ಲ. 2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆಗೂ ವೈನಿಗೂ ಒಂದು ನೀತಿಯನ್ನೇ ತಂದಿತು. ಮಂಡ್ಯದ ಕಬ್ಬಿಗೂ ತಳಿಯಿದೆ, ಮಣ್ಣಿನ ಗುಣವಿದೆ, ಕಾಲವಿದೆ, ಮಾಡುವವರ ಕೈಯಿದೆ. ಹೇಳಿಕೊಡುವವರಿಲ್ಲ, ಅಷ್ಟೆ. ಹಾಗಾಗಿ ಹೋಗುವವರೇ ಒಂದಿಷ್ಟು ತಿಳಿದು ಹೋಗಬೇಕು.

ನಾಲೆ ನೀರಿನ ದೆಸೆಯಿಂದ ಇಲ್ಲಿ ವರ್ಷದ ಬಹುಪಾಲು ಗಾಣ ತಿರುಗುತ್ತದೆ. ಆದರೂ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಹೋಗುವುದೇ ಸರಿ. ಚಳಿಗೆ ಕಬ್ಬಿನಲ್ಲಿ ಸಿಹಿ ಕಟ್ಟುತ್ತದೆ, ಒಣ ಹವೆಯಲ್ಲಿ ಬೆಲ್ಲ ಗಟ್ಟಿಯಾಗಿ ನಿಲ್ಲುತ್ತದೆ. ಮೈಸೂರಿನಿಂದ ಬೆಳಗ್ಗೆ ಆರಕ್ಕೆ ಹೊರಟರೆ ಶ್ರೀರಂಗಪಟ್ಟಣ ದಾಟಿ ಪಾಂಡವಪುರದ ಹಾದಿಯಲ್ಲೋ ಮಂಡ್ಯದ ಹಾದಿಯಲ್ಲೋ ಮೊದಲ ಕೊಪ್ಪರಿಗೆ ಕುದಿಯುವ ಹೊತ್ತಿಗೆ ತಲುಪಬಹುದು. ಎಕ್ಸ್‌ಪ್ರೆಸ್‌ವೇ ಹತ್ತಬೇಡಿ, ಸರ್ವಿಸ್ ರಸ್ತೆಯಲ್ಲೇ ಹೋಗಿ. ಆಲೆಮನೆಗಳಿಗೆ ತಿರುಗುವ ಊರ ದಾರಿಗಳೆಲ್ಲ ಅಲ್ಲಿಂದಲೇ, ಬೈಕಿನವರಿಗೆ ಮೇಲೆ ಪ್ರವೇಶವೂ ಇಲ್ಲ. ಬೋರ್ಡು ಹುಡುಕಬೇಡಿ. ಅಂಗಳದಲ್ಲಿ ಒಣಹಾಕಿದ ಕಬ್ಬಿನ ಸಿಪ್ಪೆ, ಹೊಗೆಗೂಡು, ಗಾಳಿಯಲ್ಲಿ ಬರುವ ಪಾಕದ ವಾಸನೆ, ಇಷ್ಟೇ ಗುರುತು. ಒಳಗೆ ಕಾಲಿಡುವ ಮೊದಲು ಕೇಳಿ. ದುಪಟ್ಟಾ, ಸೆರಗು ಬಿಗಿಯಾಗಿ ಕಟ್ಟಿಕೊಳ್ಳಿ. ಗಾಣದ ಉರುಳೆಗೆ ಬಟ್ಟೆಯ ತುದಿ ಸಿಕ್ಕರೆ ಕೈ ಹಿಂದೆಯೇ ಹೋಗುತ್ತದೆ. ಮಕ್ಕಳನ್ನು ಕೊಪ್ಪರಿಗೆಯಿಂದ ದೂರ ನಿಲ್ಲಿಸಿ. ಇಳಿಯುವ ಹೊತ್ತಿಗೆ ಪಾಕ ಕುದಿಯುವ ನೀರಿಗಿಂತ ಬಿಸಿಯಿರುತ್ತದೆ, ಚರ್ಮಕ್ಕೆ ಅಂಟಿಕೊಂಡೇ ಸುಡುತ್ತದೆ.

ಕೇಳಬೇಕಾದ ಮೊದಲ ಪ್ರಶ್ನೆ ಬೆಲ್ಲದ ಬಗ್ಗೆ ಅಲ್ಲ, ಕಬ್ಬಿನ ಬಗ್ಗೆ. ಯಾವಾಗ ಕಡಿದದ್ದು? ಕಡಿದ ಒಂದು ದಿನದೊಳಗೆ ಗಾಣಕ್ಕೆ ಕೊಟ್ಟರೆ ಒಳ್ಳೆಯ ಬೆಲ್ಲ. ತಡವಾದಷ್ಟೂ ಕಬ್ಬಿನ ಸಕ್ಕರೆ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ. ಅಂಥ ರಸ ಎಷ್ಟು ಕಾಸಿದರೂ ಅಚ್ಚು ಕಟ್ಟದು, ಕಟ್ಟಿದರೂ ನಾಲ್ಕು ದಿನಕ್ಕೆ ಬೆವರುತ್ತದೆ. ಸುಳಿಯ ಭಾಗ ಬಿಟ್ಟು ಕಡಿದಿದ್ದಾರೋ ನೋಡಿ, ತುದಿಯಲ್ಲಿ ಸಿಹಿ ಕಡಿಮೆ. ಯಾವ ತಳಿ ಎಂದೂ ಕೇಳಿ. ಸಿಒ 62175, ಸಿಒ 86032, ಇಲ್ಲಿನ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಿಂದ ಬಂದ ವಿಸಿಎಫ್ 0517, ಇವು ಇಲ್ಲಿನ ರೈತರ ಬಾಯಲ್ಲಿರುವ ಹೆಸರುಗಳು. ನೀರು ಸವುಳಾದರೆ ಬೆಲ್ಲ ಉಪ್ಪುಪ್ಪು. ಕೊನೆಯ ತಿಂಗಳುಗಳಲ್ಲಿ ಯೂರಿಯಾ ಜಾಸ್ತಿ ಸುರಿದಿದ್ದರೆ ಬೆಲ್ಲ ಬಾಳಿಕೆ ಬರುವುದಿಲ್ಲ. ಈ ಪ್ರಶ್ನೆ ಕೇಳುವವರು ಬಂದರೆ ಕೆಲಸದವರ ಮುಖವೇ ಅರಳುತ್ತದೆ.

ಒಂದು ಟನ್ ಕಬ್ಬಿಗೆ ಹೆಚ್ಚುಕಡಿಮೆ 100 ಕಿಲೋ ಬೆಲ್ಲ. ಉಳಿದದ್ದು ಸಿಪ್ಪೆ ಮತ್ತು ಆವಿ. ಗಾಣದಿಂದ ಬಂದ ರಸವನ್ನು ಸೋಸಿ ಕೊಪ್ಪರಿಗೆಗೆ ಬಿಡುತ್ತಾರೆ. ಮೊದಲ ಬಿಸಿಗೆ ಸ್ವಲ್ಪ ಸುಣ್ಣದ ತಿಳಿ ಬೀಳುತ್ತದೆ, ರಸದ ಹುಳಿ ತಗ್ಗಲಿ ಎಂದು. ಹುಳಿ ಉಳಿದರೆ ಕಾಯುವಾಗ ಸಕ್ಕರೆ ಒಡೆಯುತ್ತದೆ. ಸುಣ್ಣ ಮಿತಿಮೀರಿದರೆ ಬೆಲ್ಲ ಕಪ್ಪಾಗುತ್ತದೆ. ಆಮೇಲೆ ಬೆಂಡೆ ಗಿಡದ ಕಾಂಡ ಜಜ್ಜಿ ನೀರಿನಲ್ಲಿ ಹಿಸುಕಿದ ಲೋಳೆ. ಅದು ರಸದಲ್ಲಿನ ಕಸವನ್ನೆಲ್ಲ ಹಿಡಿದುಕೊಂಡು ಮೇಲೆ ಬರುತ್ತದೆ. ಕುದಿ ಬರುವ ಮೊದಲೇ ಆ ಮಡ್ಡಿಯನ್ನು ಜಾಲರಿ ಸೌಟಿನಲ್ಲಿ ತೆಗೆಯಬೇಕು. ಕುದಿ ಹತ್ತಿತೋ, ಕಸ ಮತ್ತೆ ರಸದಲ್ಲೇ ಬೆರೆತುಹೋಗುತ್ತದೆ. ಒಳ್ಳೆಯ ಬೆಲ್ಲಕ್ಕೂ ಕಳಪೆ ಬೆಲ್ಲಕ್ಕೂ ದಾರಿ ಬೇರೆಯಾಗುವುದು ಇಲ್ಲೇ. ಬಂದವರೆಲ್ಲ ಅಚ್ಚು ಹಾಕುವುದನ್ನು ಫೋಟೋ ಹಿಡಿಯುತ್ತಾರೆ, ಈ ಮಡ್ಡಿ ತೆಗೆಯುವ ಹೊತ್ತನ್ನು ಯಾರೂ ನಿಂತು ನೋಡುವುದಿಲ್ಲ.

ನೊರೆ ಉಕ್ಕಿದರೆ ಒಂದಿಷ್ಟು ಎಣ್ಣೆ. ಉರಿ ಮೊದಲು ಜೋರು, ಕೊನೆಗೆ ಇಳಿಸಬೇಕು, ಇಲ್ಲದಿದ್ದರೆ ತಳ ಸೀದು ಕಹಿ ಬರುತ್ತದೆ. ಅಚ್ಚು ಬೆಲ್ಲಕ್ಕೆ ಇಳಿಸುವ ಹದ 116ರಿಂದ 118 ಡಿಗ್ರಿ ಸೆಲ್ಸಿಯಸ್. ಪುಡಿ ಬೆಲ್ಲಕ್ಕೆ 120ರ ಮೇಲೆ, ನೀರು ಬೆಲ್ಲಕ್ಕಾದರೆ 105ರ ಆಸುಪಾಸಿನಲ್ಲೇ ಇಳಿಸುತ್ತಾರೆ. ಆ ಹಿರಿಯರ ಬಳಿ ಥರ್ಮಾಮೀಟರ್ ಇರಲಿಲ್ಲ. ಗುಳ್ಳೆ ಸಣ್ಣದಾಗಿ, ಪುಟಿಯುವ ಸದ್ದು ಮಂದವಾದಾಗ, ಕೋಲಿನ ತುದಿಯಲ್ಲಿ ಚೂರು ಪಾಕ ಎತ್ತಿ ಚೊಂಬಿನ ತಣ್ಣೀರಿಗೆ ಬಿಟ್ಟರು. ಎರಡು ಬೆರಳಲ್ಲಿ ಉಂಡೆ ಮಾಡಿ ಚೊಂಬಿನ ಅಂಚಿಗೆ ಎಸೆದರು. ಮೊದಲ ಸಲ ಮೆತ್ತಗೆ ಅಂಟಿಕೊಂಡಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಎಸೆದಾಗ ಠಣ್ ಎಂದಿತು. "ಎತ್ರಪ್ಪಾ" ಎಂದರು, ಕೊಪ್ಪರಿಗೆ ಎದ್ದಿತು. ಆ ಹದಕ್ಕೂ ಸೀದು ಹೋಗುವುದಕ್ಕೂ ನಡುವೆ ಇರುವುದು ಒಂದೆರಡು ನಿಮಿಷ. ತಣಿಸುವ ತೊಟ್ಟಿಯಲ್ಲಿ ಅದನ್ನು ಮರದ ಹುಟ್ಟಿನಿಂದ ತಿರುವಿ, ಹರಳುಗಟ್ಟುವ ಸೂಚನೆ ಕಂಡಾಗ ಮಣೆಗೆ ಹೊಯ್ದರು.

ಇನ್ನು ಬಿಳುಪು. ಕಬ್ಬಿನ ರಸದಲ್ಲೇ ಬಣ್ಣ ಕೊಡುವ ಅಂಶಗಳಿವೆ. ಗಾಳಿಗೆ, ಕಬ್ಬಿಣದ ಉರುಳೆಗೆ, ಬಿಸಿಗೆ ಅವು ಗಾಢವಾಗುತ್ತವೆ. ಸೋಡಿಯಂ ಹೈಡ್ರೋಸಲ್ಫೈಟ್, ಆಲೆಮನೆಯವರ ಬಾಯಲ್ಲಿ ಹೈಡ್ರೋಸ್, ಬಿದ್ದರೆ ಆ ಬಣ್ಣ ಅಡಗಿ ಬೆಲ್ಲ ನಿಂಬೆಹಳದಿಗೆ ತಿರುಗುತ್ತದೆ. ಆದರೆ ಆ ಬಣ್ಣ ನಿಲ್ಲುವುದಿಲ್ಲ, ಗಾಳಿಗೆ ವಾರಗಳಲ್ಲಿ ಮತ್ತೆ ಕಂದುತ್ತದೆ. ಬೆಲ್ಲದಲ್ಲಿ ಉಳಿಯುವುದು ಗಂಧಕ. ಬೆಲ್ಲದಲ್ಲಿ ಸಲ್ಫರ್ ಡೈಆಕ್ಸೈಡ್ ಕಿಲೋಗೆ 70 ಮಿಲಿಗ್ರಾಂ ಮೀರಬಾರದೆಂದು ಆಹಾರ ಸುರಕ್ಷತಾ ನಿಯಮವಿದೆ, ಆದರೆ ಕೊಪ್ಪರಿಗೆಯ ಮುಂದೆ ಅದನ್ನು ಅಳೆಯುವವರು ಯಾರು? ಕೈಯಂದಾಜಿನಲ್ಲಿ ಬೀಳುತ್ತದೆ. ಸಕ್ಕರೆ ಅಗ್ಗವಾದಾಗ ಅದನ್ನೇ ಬೆರೆಸಿ ತೂಕವನ್ನೂ ಬಣ್ಣವನ್ನೂ ಒಟ್ಟಿಗೆ ಗಿಟ್ಟಿಸುವವರೂ ಇದ್ದಾರೆ.

"ನಿಂತ್ಕಳಿ ಕನವ್ವಾ, ಮಾಡ್ಕೊಡ್ತೀವಿ." ಮಾರುಕಟ್ಟೆಯಲ್ಲಿ ಬಣ್ಣ ತೆಳುವಾದ ಬೆಲ್ಲಕ್ಕೆ ಹೆಚ್ಚು ಬೆಲೆ ಕೂಗುತ್ತಾರೆ. ಕಪ್ಪು ಬಣ್ಣದ್ದನ್ನು ಒಯ್ದವರು ಕಡಿಮೆಗೆ ಕೊಟ್ಟು ಬರಬೇಕು. ಬೆಳಗಿನ ಜಾವದಿಂದ ಉರಿಯ ಮುಂದೆ ನಿಂತ ಆ ಹಿರಿಯರು ಹೈಡ್ರೋಸ್ ಕಂಡುಹಿಡಿದವರಲ್ಲ, ಅದರ ಲಾಭ ಅವರಿಗೆ ಬರುವುದೂ ಇಲ್ಲ. ಕೂಲಿ ಬಿಳಿ ಬೆಲ್ಲಕ್ಕೂ ಅಷ್ಟೇ, ಕಪ್ಪು ಬೆಲ್ಲಕ್ಕೂ ಅಷ್ಟೇ. ಅಂಗಡಿಯ ಮುಂದೆ ನಿಂತು ನಾವು ಬೆರಳು ತೋರಿಸಿದ ಅಚ್ಚು, ವರ್ತಕರ ಬಾಯಿ ದಾಟಿ, ಮಾಲೀಕರ ಬಾಯಿ ದಾಟಿ, ಇವರ ಕೈಗೆ ಒಂದು ಪೊಟ್ಟಣವಾಗಿ ಬಂದು ತಲುಪುತ್ತದೆ. ಹೀಗಿರುವಾಗ ಕಲಬೆರಕೆ ಎಂದರೆ ಆಲೆಮನೆಯವರನ್ನು ಮಾತ್ರ ಬೈಯುವುದು ನನಗೆ ನ್ಯಾಯವೆನಿಸುವುದಿಲ್ಲ.

ಹಾಗೆಂದು ಕಪ್ಪಗಿದ್ದದ್ದೆಲ್ಲ ಚೊಕ್ಕವೆಂದು ನಂಬುವುದೂ ತಪ್ಪು. ಹಳೆಯ ಕಬ್ಬು, ಮಿತಿಮೀರಿದ ಸುಣ್ಣ, ತೆಗೆಯದ ಮಡ್ಡಿ, ಸೀದ ತಳ, ನಾಲ್ಕೂ ಬೆಲ್ಲವನ್ನು ಕಪ್ಪು ಮಾಡುತ್ತವೆ. "ಆರ್ಗ್ಯಾನಿಕ್" ಚೀಟಿ ಅಂಟಿಸಿ ಎರಡರಷ್ಟು ಬೆಲೆಗೆ ಮಾರುವ ಕೆಲವು ಅಚ್ಚುಗಳಲ್ಲಿ ಸೀದ ಕಹಿ ನಾಲಿಗೆಗೇ ಸಿಗುತ್ತದೆ. ಹೊನ್ನುಗಂದಿನಿಂದ ಗಾಢ ಕಂದಿನವರೆಗೆ, ಅಚ್ಚಿನ ಉದ್ದಕ್ಕೂ ಒಂದೇ ಸಮನಾದ ಬಣ್ಣ ಇರಬೇಕು.

ರುಚಿ ನೋಡಲು ಒಂದು ಕ್ರಮ ಇಟ್ಟುಕೊಳ್ಳಿ. ಮೊದಲು ಒಂದೇ ಜಲ್ಲೆಯ ಬುಡದ ಗೆಣ್ಣು, ಆಮೇಲೆ ತುದಿಯ ಗೆಣ್ಣು. ವ್ಯತ್ಯಾಸ ಒಂದೇ ಕಡಿತಕ್ಕೆ ಗೊತ್ತಾಗುತ್ತದೆ. ಆಮೇಲೆ ಗಾಣದ ರಸ, ನಿಂಬೆ ಶುಂಠಿ ಏನೂ ಬೇಡ. ಮೂರನೆಯದು ಅಚ್ಚಿಗೆ ಹೊಯ್ದ ಮೇಲೆ ತೊಟ್ಟಿಯ ಅಂಚಿನಲ್ಲಿ ಉಳಿದ ಬೆಲ್ಲ, ಕಬ್ಬಿನ ತುಂಡಿಗೆ ಮೆತ್ತಿ ಆರಿಸಿಕೊಂಡು. ಕೊನೆಗೆ ಹಿಂದಿನ ದಿನದ ಅಚ್ಚು. ನಡುನಡುವೆ ನೀರು ಕುಡಿಯಿರಿ. ಚೂರನ್ನು ಕಚ್ಚದೆ ನಾಲಿಗೆಯ ಮೇಲೆ ಕರಗಲು ಬಿಡಿ. ಮೊದಲು ಸಿಹಿ, ಹಿಂದೆಯೇ ಕಬ್ಬಿನ ಹಸಿ ವಾಸನೆ, ಕೊನೆಗೆ ಸಣ್ಣ ಒಗರು ಬಂದರೆ ಒಳ್ಳೆಯದು. ಚೂಪಾದ ಸಿಹಿ ಬಂದು ಅಲ್ಲೇ ನಿಂತುಹೋದರೆ ಸಕ್ಕರೆ ಬೆರೆತಿರಬಹುದು. ಉಪ್ಪು ಬಂದರೆ ನೆಲದ್ದೋ ನೀರಿನದ್ದೋ. ಒಲೆಯಿಂದ ರಬ್ಬರ್, ಪ್ಲಾಸ್ಟಿಕ್ ಸುಟ್ಟ ಕಮಟು ಬಂದರೆ ಮಾತ್ರ ಏನೂ ಕೊಳ್ಳದೆ ಎದ್ದು ಬನ್ನಿ. ಉರುವಲಿಗೆ ಒಣ ಸಿಪ್ಪೆ, ತರಗು ಇದ್ದೇ ಇವೆ.

ಹತ್ತೂವರೆ ಹನ್ನೊಂದಕ್ಕೆ ಇದೆಲ್ಲ ಮುಗಿಯುತ್ತದೆ. ಉಳಿದ ದಿನಕ್ಕೆ ಕೆರೆ ತೊಣ್ಣೂರು ಹತ್ತಿರ, ಮೇಲುಕೋಟೆ ಸ್ವಲ್ಪ ದೂರ. ಶ್ರೀರಂಗಪಟ್ಟಣಕ್ಕೆ ಮರಳಿದರೆ 1784ರ ದರಿಯಾ ದೌಲತ್ ಇದೆ. 1940ರಲ್ಲಿ ಪಕ್ಷಿಧಾಮವಾದ ರಂಗನತಿಟ್ಟಿಗೆ ಬಿಸಿಲಿಳಿದ ಮೇಲೆ ಹೋಗಿ, ದೋಣಿಯಿಂದ ಗೂಡು ಕಟ್ಟುವ ಹಕ್ಕಿಗಳನ್ನು ಹತ್ತಿರದಿಂದ ನೋಡಬಹುದು. ಆದರೆ ಕಬ್ಬು ನೋಡಿದ ದಿನ ಕನ್ನಂಬಾಡಿಗೆ ಹೋಗುವುದೇ ನನ್ನ ಆಯ್ಕೆ. 1911ರಲ್ಲಿ ಶುರುವಾದ ಆ ಕಟ್ಟೆಯೂ, ಮೊದಲು ಇರ್ವಿನ್ ನಾಲೆ ಎನಿಸಿಕೊಂಡು ಈಗ ವಿಶ್ವೇಶ್ವರಯ್ಯ ನಾಲೆಯಾಗಿರುವ ಆ ಕಾಲುವೆಯೂ ಬಾರದಿದ್ದರೆ ಈ ಬಯಲು ರಾಗಿ, ಹುರುಳಿಯ ಹೊಲವಾಗಿಯೇ ಇರುತ್ತಿತ್ತು. ಕಬ್ಬನ್ನು ಇಲ್ಲಿ ಊರಿಸಲು ಹಟ ಹಿಡಿದವರು ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್. ಮಂಡ್ಯದ ಸಕ್ಕರೆ ಕಂಪನಿ 1933ರದ್ದು.

ಕೊಳ್ಳುವಾಗ ಅರ್ಧ ಕಿಲೋಗೆ ಚೌಕಾಸಿ ಮಾಡುವ ಬದಲು ಇನ್ನೊಂದು ದಾರಿಯಿದೆ. ನೆಂಟರು, ನೆರೆಹೊರೆಯವರು ಹತ್ತು ಮನೆಯವರು ಸೇರಿ, ಮನೆಗೆ ಹತ್ತು ಕಿಲೋದಂತೆ, ಒಂದು ಟನ್ ಕಬ್ಬಿನ ಬೆಲ್ಲವನ್ನು ಮೊದಲೇ ಹೇಳಿ ಮಾಡಿಸಿ. ಹೈಡ್ರೋಸ್ ಬೇಡ, ಸಕ್ಕರೆ ಬೇಡ, ಸುಣ್ಣ ಹಿತಮಿತ, ಬೆಂಡೆ ಲೋಳೆ ಹಾಕಿ ಮಡ್ಡಿ ಪೂರ್ತಿ ತೆಗೆಯಿರಿ ಎಂದು ಬಾಯಿಬಿಟ್ಟು ಹೇಳಿ, ಮುಂಗಡ ಕೊಡಿ, ಆ ದಿನ ಹೋಗಿ ನಿಲ್ಲಿ. ಕೇಳಿದರೆ ಮಾಡಿಕೊಡುತ್ತೇವೆ ಎಂದದ್ದು ಅವರೇ. ಬಿಳುಪಿಗೆ ಒಪ್ಪುವ ಮಾತು ಇದಕ್ಕೂ ಒಪ್ಪುತ್ತದೆ. ಬಿಸಿ ಅಚ್ಚನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಸಬೇಡಿ, ಒಳಗೆ ನೀರಾಡಿ ಮೇಲೆ ಅಂಟಂಟಾಗುತ್ತದೆ. ಪೂರ್ತಿ ಆರಿದ ಮೇಲೆ ಕಾಗದದಲ್ಲಿ ಸುತ್ತಿ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ತುಂಬಿ. ಆಷಾಢದ ಗಾಳಿ ಶುರುವಾಗುವ ಮೊದಲು ತಿಂಗಳಿಗೆ ಬೇಕಾದಷ್ಟನ್ನು ಚಿಕ್ಕ ಡಬ್ಬಿಗೆ ತೆಗೆದಿಟ್ಟುಕೊಂಡರೆ ದೊಡ್ಡ ಡಬ್ಬಿಯನ್ನು ಮಳೆಗಾಲದಲ್ಲಿ ಪದೇ ಪದೇ ತೆರೆಯಬೇಕಾಗುವುದಿಲ್ಲ.